ಗುಳಿಗೆಯ ಖಾತೆ, ಸಿಗರೇಟಿನ ಖಾತೆ

ಗುರುವಾರ ಬೆಳಿಗ್ಗೆ, ತಂಬಾಕು ಬಿಡಿಸುವ ನಮ್ಮ ಕೇಂದ್ರದಲ್ಲಿ ನಾನಿನ್ನೂ ಕುರ್ಚಿಯಲ್ಲಿ ಸರಿಯಾಗಿ ಕೂತಿರಲಿಲ್ಲ. ಮಂಜಪ್ಪನವರು ಜೇಬಿನಿಂದ, ಸಿಗರೇಟು ಬಿಡಲು ಕೊಟ್ಟಿದ್ದ ಗುಳಿಗೆಯ ಸ್ಟ್ರಿಪ್ ತೆಗೆದು ಮೇಜಿನ ಮೇಲಿಟ್ಟು, "ತಗೊಳ್ಳಿ ಮೇಡಂ, ಇದು ನನಗೆ ಆಗಿಬರಲ್ಲ" ಅಂದರು. ಹಿಂದೆಯೇ ಬಂದ ಅವರ ಹೆಂಡತಿ ನಿಂತುಕೊಂಡೇ ಹೇಳಿದರು: "ಇದಕ್ಕಿಂತ ಇವರು ಸೇದ್ತಾ ಇದ್ದಿದ್ದೇ ವಾಸಿ ಇತ್ತು."

ಈ ಮಾತು ನನಗೆ ಹೊಸದಲ್ಲ. ಗಂಡ ಸಿಗರೇಟು ಬಿಡಲಿ ಅಂತ ವರ್ಷಗಟ್ಟಲೆ ಹರಕೆ ಹೊತ್ತವರೂ ಮೊದಲ ವಾರದಲ್ಲಿ ಹೀಗೇ ಹೇಳುತ್ತಾರೆ. ಅವರನ್ನು ತಪ್ಪು ಅನ್ನಲಾರೆ. ಆ ವಾರದ ಸಿಡುಕನ್ನೆಲ್ಲ ನುಂಗುವವರು ಮನೆಯವರೇ.

ಮಂಜಪ್ಪ ಎಂಬುದು ನಾನಿಟ್ಟ ಹೆಸರು. ವಯಸ್ಸು, ಮನೆಯ ವಿವರ ಬದಲಿಸಿದ್ದೇನೆ, ಊರು ಹೇಳುವುದಿಲ್ಲ. ಕಸುಬನ್ನು ಮಾತ್ರ ಅವರ ಒಪ್ಪಿಗೆಯಿಂದ ಹಾಗೇ ಉಳಿಸಿದ್ದೇನೆ, ಯಾಕೆಂದರೆ ಅದಿಲ್ಲದೆ ಈ ಪ್ರಕರಣವೇ ಇಲ್ಲ. ಮಲೆನಾಡಿನ ಒಂದು ಪೇಟೆಯಲ್ಲಿ ಅಡಿಕೆ ಮಂಡಿಯ ಲೆಕ್ಕ ಬರೆಯುವವರು ಅವರು. ನಲವತ್ತಾರರ ಆಸುಪಾಸು. ದಿನಕ್ಕೆ ಹದಿನೆಂಟು ಸಿಗರೇಟು. ಮೊದಲನೆಯದು ಎದ್ದ ಐದು ನಿಮಿಷದೊಳಗೆ, ಹಲ್ಲುಜ್ಜುವ ಮೊದಲೇ. ನಾವು ಚಟದ ಆಳ ಅಳೆಯುವಾಗ ದಿನಕ್ಕೆಷ್ಟು ಅನ್ನುವುದರ ಜೊತೆಗೆ ಇದನ್ನೂ ತಪ್ಪದೆ ಕೇಳುತ್ತೇವೆ: ಎದ್ದ ಮೇಲೆ ಎಷ್ಟು ಹೊತ್ತು ತಡೆಯುತ್ತೀರಿ? ಐದು ನಿಮಿಷವೂ ತಡೆಯಲಾಗದಿದ್ದರೆ ಬರೀ ಮನೋಬಲದ ಮೇಲೆ ಭಾರ ಹಾಕುವುದು ಅನ್ಯಾಯ. ಎರಡು ವರ್ಷದ ಹಿಂದೆ ಅವರು ನಿಕೋಟಿನ್ ಗಮ್ ಪ್ರಯತ್ನಿಸಿದ್ದರು. ಬಬಲ್‌ಗಮ್‌ನ ಹಾಗೆ ಬಿಡದೆ ಜಗಿದು, ಗಂಟಲು ಉರಿದು, ಬಿಕ್ಕಳಿಕೆ ಹತ್ತಿ ಮೂರೇ ದಿನಕ್ಕೆ ಎಸೆದಿದ್ದರು. ನಾಲ್ಕು ಸಲ ಜಗಿದು ದವಡೆ ಪಕ್ಕ ಇಟ್ಟುಕೊಳ್ಳಬೇಕು ಅಂತ ಅವರಿಗೆ ಯಾರೂ ಹೇಳಿರಲಿಲ್ಲ.

ಈ ಸಲ ನಮ್ಮ ವೈದ್ಯರು ಮೂತ್ರಪಿಂಡದ ಪರೀಕ್ಷೆ, ಬಿಪಿ, ಹಿಂದೆ ಖಿನ್ನತೆ ಅಥವಾ ಫಿಟ್ಸ್ ಇತ್ತೇ ಎಂಬುದನ್ನೆಲ್ಲ ನೋಡಿ ವರೆನಿಕ್ಲಿನ್ ಎಂಬ ಗುಳಿಗೆ ಬರೆದುಕೊಟ್ಟರು. ಮೊದಲ ಮೂರು ದಿನ 0.5 ಮಿಲಿಗ್ರಾಂನ ಒಂದು ಗುಳಿಗೆ. ನಾಲ್ಕರಿಂದ ಏಳನೇ ದಿನದವರೆಗೆ ಅದೇ ಗುಳಿಗೆ ದಿನಕ್ಕೆರಡು ಸಲ. ಎಂಟನೇ ದಿನದಿಂದ 1 ಮಿಲಿಗ್ರಾಂ, ಎರಡು ಹೊತ್ತು. ಒಟ್ಟು 12 ವಾರ. ಮೊದಲ ವಾರ ಸೇದುತ್ತಲೇ ಗುಳಿಗೆ ನುಂಗಬಹುದು, ಎಂಟನೇ ದಿನ ಸಿಗರೇಟು ನಿಲ್ಲಿಸಬೇಕು. ಮೆದುಳಿನಲ್ಲಿ ನಿಕೋಟಿನ್ ಹೋಗಿ ಕೂರುವ ಜಾಗದಲ್ಲಿ ಈ ಔಷಧಿ ತಾನು ಕೂರುತ್ತದೆ. ಅರ್ಧ ಸಮಾಧಾನ ಕೊಡುತ್ತದೆ, ಅದರಿಂದ ಚಡಪಡಿಕೆ ತಗ್ಗುತ್ತದೆ. ಮೇಲಿಂದ ಸಿಗರೇಟು ಸೇದಿದರೂ ನಿಕೋಟಿನ್‌ಗೆ ಕೂರಲು ಜಾಗ ಇರುವುದಿಲ್ಲ, ಹಾಗಾಗಿ ಹಳೆಯ ಮಜಾ ಬರುವುದಿಲ್ಲ.

ಅವರು ಸೋಮವಾರ ಶುರುಮಾಡಿದರು. ಮುಂದಿನ ಸೋಮವಾರ ಬಿಟ್ಟರು. ನನ್ನ ಮೇಜಿಗೆ ಸ್ಟ್ರಿಪ್ ಬಂದದ್ದು ಹನ್ನೊಂದನೇ ದಿನ, ಅಂದರೆ ಸಿಗರೇಟಿಲ್ಲದ ನಾಲ್ಕನೇ ದಿನ.

ಎಂಟನೇ ದಿನ ಏನಾಯಿತು ನೋಡಿ. ಅಂದೇ ಔಷಧಿ ಇಮ್ಮಡಿಯಾಯಿತು, ಅಂದೇ ಸಿಗರೇಟು ನಿಂತಿತು. ಮಾರನೇ ದಿನ ವಾಕರಿಕೆ, ನಿದ್ದೆಗೇಡು, ಎದೆ ಡವಡವ, ತಲೆ ಭಾರ, ಸಿಡುಕು ಎಲ್ಲ ಒಟ್ಟಿಗೆ ಬಂದರೆ ಮನುಷ್ಯ ಯಾವುದರ ಮೇಲೆ ತಪ್ಪು ಹೊರಿಸುತ್ತಾನೆ? ಮೂವತ್ತು ವರ್ಷದ ಗೆಳೆಯನ ಮೇಲಲ್ಲ. ನಿನ್ನೆ ಮೊನ್ನೆ ಬಂದ ಗುಳಿಗೆಯ ಮೇಲೆ. ಗುಳಿಗೆ ಬಿಡುತ್ತಾನೆ. ಆದರೆ ನಿಕೋಟಿನ್ ಇಲ್ಲದ ಕಾಟ ಹೆಚ್ಚಾಗಿ ಎರಡನೇ, ಮೂರನೇ ದಿನ ತುದಿಗೇರುತ್ತದೆ, ಆಮೇಲೆ ಎರಡರಿಂದ ನಾಲ್ಕು ವಾರದಲ್ಲಿ ಇಳಿಯುತ್ತದೆ. ಹೊಳೆಯ ನಡುವೆ ದೋಣಿಗೆ ತೂತಿದೆ ಅಂತ ನೀರಿಗೆ ಹಾರಿದ ಹಾಗೆ ಆಗುತ್ತದೆ ಇದು.

"ಲೆಕ್ಕ ಬರೆಯೋರು ನೀವು. ಇದನ್ನೂ ಖಾತೆ ಮಾಡೋಣ" ಅಂದೆ. ಅವರ ಬಳಿ ಉದ್ದನೆಯ ಕೆಂಪು ಬೈಂಡಿನ ಪುಸ್ತಕವಿತ್ತು. ಮುಂದಿನ ಪುಟಗಳಲ್ಲಿ ರಾಶಿ, ಬೆಟ್ಟೆ, ಸರಕು, ಗೊರಬಲು ಎಂಬ ಅಡಿಕೆಯ ಬಗೆಗಳು, ತೂಕ, ದರ. ಕೊನೆಯ ಪುಟ ತೆರೆದು ನಡುವೆ ಗೆರೆ ಎಳೆದರು. ಎಡಕ್ಕೆ ಗುಳಿಗೆ, ಬಲಕ್ಕೆ ಸಿಗರೇಟು. ಒಂದೊಂದೇ ತೊಂದರೆ ಹೇಳಿಸಿ, ಯಾವ ಕಡೆಗೆ ಹಾಕುವುದು ಅಂತ ಇಬ್ಬರೂ ಚೌಕಾಸಿ ಮಾಡಿದೆವು.

ವಾಕರಿಕೆ ಎಡಕ್ಕೆ. ಅದು ಗುಳಿಗೆಯದೇ, ಅನುಮಾನವಿಲ್ಲ. ಆದರೆ ಹೇಗೆ ನುಂಗುತ್ತಿದ್ದರು ಎಂದು ಕೇಳಿದರೆ, ಬೆಳಿಗ್ಗೆ ಐದೂವರೆಗೆ, ಖಾಲಿ ಹೊಟ್ಟೆಯಲ್ಲಿ, ಎರಡು ಗುಟುಕು ಕಾಫಿಯ ಜೊತೆ! ಹತ್ತು ನಿಮಿಷಕ್ಕೆ ಹಿತ್ತಲ ಬಚ್ಚಲಲ್ಲಿ ಓಕರಿಕೆ. ತಿಂಡಿ ಹೊಟ್ಟೆ ತುಂಬ ತಿಂದ ಮೇಲೆ, ಒಂದು ದೊಡ್ಡ ಲೋಟ ನೀರಿನ ಜೊತೆ ನುಂಗಿ ಎಂದೆ. ಚೀಟಿಯಲ್ಲೂ ಇದೇ ಬರೆದಿತ್ತು, ಆದರೆ ವೈದ್ಯರ ಅಕ್ಷರ ಅದು. ಅಷ್ಟಕ್ಕೂ ಕಡಿಮೆಯಾಗದಿದ್ದರೆ ಪ್ರಮಾಣ ಇಳಿಸುವ ದಾರಿ ವೈದ್ಯರಿಗೆ ಇದೆ, ನೀವಾಗಿಯೇ ನಿಲ್ಲಿಸಬೇಡಿ ಎಂದೂ ಹೇಳಿದೆ.

ಕನಸು ಕೂಡ ಎಡಕ್ಕೆ. ಸತ್ತುಹೋದ ದೊಡ್ಡಪ್ಪ ಬಂದು ತಕ್ಕಡಿ ಮೇಲೆ ಕೂತಿದ್ದು, ಮಂಡಿಯೊಳಗೆ ಹೊಳೆ ನುಗ್ಗಿದ್ದು, ಎಲ್ಲ ಕಣ್ಣಿಗೆ ಕಟ್ಟಿದ ಹಾಗೆ. ರಾತ್ರಿಯ ಗುಳಿಗೆಯನ್ನು ಹತ್ತೂವರೆಗೆ ಮಲಗುವಾಗ ತೆಗೆದುಕೊಳ್ಳುತ್ತಿದ್ದರು. ವೈದ್ಯರನ್ನು ಕೇಳಿ ಅದನ್ನು ಸಂಜೆ ಏಳಕ್ಕೆ, ಬೇಗ ಊಟ ಮಾಡಿ, ತೆಗೆದುಕೊಳ್ಳುವಂತೆ ಬದಲಿಸಿದೆವು.

ಸಿಡುಕು, ಹಸಿವು, ಮನಸ್ಸು ಒಂದು ಕಡೆ ನಿಲ್ಲದಿರುವುದು ಬಲಕ್ಕೆ. ಕೆಮ್ಮು ಹೆಚ್ಚಾಗಿದ್ದೂ ಬಲಕ್ಕೆ. "ಸೇದುವಾಗ ಇಲ್ಲದ ಕೆಮ್ಮು ಬಿಟ್ಟಮೇಲೆ ಬಂತಲ್ಲ" ಎಂದು ಅವರಿಗೆ ದೊಡ್ಡ ಸಿಟ್ಟು. ಶ್ವಾಸನಾಳದ ಒಳಗೋಡೆಯ ಸಣ್ಣ ರೋಮಗಳು ಹೊಗೆಯಲ್ಲಿ ಸೋತು ಮಲಗಿದ್ದವು, ಈಗ ಎದ್ದು ಕಸ ಗುಡಿಸುತ್ತಿವೆ ಎಂದೆ. ಹೆಂಡತಿಗೆ ಅದು ಹಿಡಿಸಿತು. ಅವರಿಗೆ ಅಷ್ಟಾಗಿ ಇಲ್ಲ. ಕಫದಲ್ಲಿ ರಕ್ತ ಕಂಡರೆ, ಕೆಮ್ಮು ವಾರಗಟ್ಟಲೆ ನಿಲ್ಲದಿದ್ದರೆ ಮಾತ್ರ ಕಾಯದೆ ತೋರಿಸಬೇಕು. ಮಲಬದ್ಧತೆಯನ್ನು ಎರಡೂ ಖಾತೆಗೆ ಅರ್ಧರ್ಧ ಹಂಚಿದೆವು.

ಕೈ ನಡುಕ, ಎದೆ ಡವಡವ ಯಾವ ಕಡೆಗೂ ಸರಿಹೊಂದಲಿಲ್ಲ. ಇಲ್ಲಿ ನನ್ನ ತಪ್ಪು ಒಪ್ಪಿಕೊಳ್ಳಬೇಕು. ಮೊದಲ ಭೇಟಿಯಲ್ಲಿ ಸಿಗರೇಟಿನ ಬಗ್ಗೆ ನಲವತ್ತು ಪ್ರಶ್ನೆ ಕೇಳಿದ್ದೆ, ಕಾಫಿಯ ಬಗ್ಗೆ ಒಂದೂ ಕೇಳಿರಲಿಲ್ಲ. ಈಗ ಕೇಳಿದರೆ ದಿನಕ್ಕೆ ಏಳು ಲೋಟ. ಬಿಟ್ಟಮೇಲೆ ಬಾಯಿ ಬಣಬಣ ಅಂತ ಒಂಬತ್ತಾಗಿತ್ತು. ಸಿಗರೇಟಿನ ಹೊಗೆಯಲ್ಲಿರುವ ಕೆಲವು ಪದಾರ್ಥಗಳು ಯಕೃತ್ತಿನ ಒಂದು ಕಿಣ್ವವನ್ನು ಚುರುಕು ಮಾಡಿಟ್ಟಿರುತ್ತವೆ, ಅದು ಕೆಫೀನನ್ನು ಬೇಗ ಕರಗಿಸುತ್ತದೆ. ಹೊಗೆ ನಿಂತ ಕೆಲವೇ ದಿನಗಳಲ್ಲಿ ಆ ಕಿಣ್ವ ನಿಧಾನವಾಗುತ್ತದೆ. ಅಷ್ಟೇ ಕಾಫಿ ಕುಡಿದರೂ ರಕ್ತದಲ್ಲಿ ಕೆಫೀನ್ ಹೆಚ್ಚು ಹೊತ್ತು ಉಳಿಯುತ್ತದೆ. ಇವರೋ ಮೇಲಿಂದ ಎರಡು ಲೋಟ ಸೇರಿಸಿದ್ದರು. ಗೆರೆಯ ಆಚೆ ಮೂರನೇ ಖಾತೆ ತೆರೆದೆವು: ಕಾಫಿ. ಒಂಬತ್ತರಿಂದ ಮೂರಕ್ಕೆ ಇಳಿಸಿ, ಮಧ್ಯಾಹ್ನ ಎರಡರ ಮೇಲೆ ಬೇಡ ಎಂದೆ. ಒಮ್ಮೆಲೇ ಪೂರ್ತಿ ನಿಲ್ಲಿಸಿದರೆ ತಲೆನೋವು ಹಿಡಿಯುತ್ತದೆ, ಅದನ್ನೂ ಗುಳಿಗೆಗೇ ಬರೆಯುತ್ತಾರೆ. ಇದೇ ಕಿಣ್ವದ ಕಾರಣಕ್ಕೆ ಉಬ್ಬಸಕ್ಕೆ ಥಿಯೋಫಿಲಿನ್ ಇರುವ ಮಾತ್ರೆ ನುಂಗುವವರು, ಮಾನಸಿಕ ಕಾಯಿಲೆಗೆ ಕ್ಲೋಜಪಿನ್, ಒಲಾಂಜಪಿನ್ ತೆಗೆದುಕೊಳ್ಳುವವರು ಸಿಗರೇಟು ಬಿಡುವ ವಿಷಯ ವೈದ್ಯರಿಗೆ ಮೊದಲೇ ಹೇಳಬೇಕು. ಪ್ರಮಾಣ ಬದಲಿಸಬೇಕಾಗಬಹುದು.

ಆಮೇಲೆ ನೇರವಾಗಿ ಕೇಳಿದೆ: "ಸಾಯಬೇಕು ಅಂತ ಅನ್ನಿಸಿದೆಯಾ?" ಹೆಂಡತಿ ಬೆಚ್ಚಿದರು. ಈ ಪ್ರಶ್ನೆ ಕೇಳಿದರೆ ಇಲ್ಲದ ಯೋಚನೆ ಹುಟ್ಟುತ್ತದೆ ಎಂಬ ಭಯ ಬಹಳ ಜನರಿಗಿದೆ, ಹಾಗಾಗುವುದಿಲ್ಲ. ಮಂಜಪ್ಪನವರು ಸ್ವಲ್ಪ ಹೊತ್ತು ಸುಮ್ಮನಿದ್ದು, "ಸಾಯಬೇಕು ಅನ್ನಿಸಿಲ್ಲ ಮೇಡಂ. ನನ್ನ ತಮ್ಮನ್ನ ಹೊಡೀಬೇಕು ಅಂತ ಎರಡು ಸಲ ಅನ್ನಿಸ್ತು" ಅಂದರು. ಮೊಬೈಲಿನಲ್ಲಿ ಯಾರೋ ಈ ಗುಳಿಗೆ ತಲೆ ಕೆಡಿಸುತ್ತದೆ ಅಂತ ಕಳಿಸಿದ್ದನ್ನೂ ತೋರಿಸಿದರು. ಅದು ಪೂರ್ತಿ ಕಟ್ಟುಕಥೆಯಲ್ಲ. 2009ರಲ್ಲಿ ಅಮೆರಿಕದ ಔಷಧಿ ನಿಯಂತ್ರಣ ಸಂಸ್ಥೆ ಇದರ ಮೇಲೆ ಮನಸ್ಸಿಗೆ ಸಂಬಂಧಿಸಿದ ಗಂಭೀರ ಎಚ್ಚರಿಕೆ ಹಾಕಿಸಿತ್ತು. ಎಂಟು ಸಾವಿರಕ್ಕೂ ಹೆಚ್ಚು ಜನರನ್ನು ಸೇರಿಸಿಕೊಂಡ ದೊಡ್ಡ ಅಧ್ಯಯನದಲ್ಲಿ ಆ ಭಯಕ್ಕೆ ತಕ್ಕ ಹೆಚ್ಚಳ ಕಾಣದೆ 2016ರಲ್ಲಿ ಚೌಕಟ್ಟು ಕಟ್ಟಿ ಎದ್ದು ಕಾಣುವಂತೆ ಹಾಕಿಸಿದ್ದ ಆ ಎಚ್ಚರಿಕೆಯನ್ನು ತೆಗೆಯಿತು. ಹಾಗಂತ ನಾನು ಕೇಳುವುದನ್ನು ಬಿಟ್ಟಿಲ್ಲ. ಮನಸ್ಸು ಕತ್ತಲೆಯಾದರೆ, ಇದು ನಮ್ಮ ಮನುಷ್ಯನೇ ಅಲ್ಲ ಅನ್ನುವ ಹಾಗೆ ವರ್ತನೆ ಬದಲಾದರೆ, ಆಗ ಗುಳಿಗೆ ನಿಲ್ಲಿಸಿ ಅದೇ ದಿನ ಬನ್ನಿ ಎಂದು ಹೆಂಡತಿಗೆ ಹೇಳಿದೆ. ಬರೀ ಸಿಡುಕಾದರೆ ಎದುರಾಡದೆ ಅಡುಗೆಮನೆಗೆ ಹೋಗಿ. "ನಾನು ಯಾಕೆ ಹೋಗಲಿ, ಅವರೇ ಜಗಲಿಗೆ ಹೋಗಲಿ" ಅಂದರು. ಸರಿಯಾದ ಮಾತು. ಹಾಗೇ ಬರೆದುಕೊಂಡೆ.

ಆಸೆ ಉಕ್ಕುವ ಹೊತ್ತಿನದು ಬೇರೆ ಲೆಕ್ಕ. ಒಂದು ಅಲೆ ಮೂರರಿಂದ ಐದು ನಿಮಿಷ, ಆಮೇಲೆ ತಾನೇ ಇಳಿಯುತ್ತದೆ. ಅದನ್ನು ಗೆಲ್ಲಬೇಕಾಗಿಲ್ಲ, ಕಳೆದರೆ ಸಾಕು. ಎಲ್ಲಕ್ಕಿಂತ ಕಷ್ಟ ಯಾವುದು ಎಂದರೆ ಬೆಳಗಿನದು ಅನ್ನುತ್ತಾರೆ ಅಂದುಕೊಂಡಿದ್ದೆ. ಅಲ್ಲ. ಸಂಜೆ ಲೆಕ್ಕ ತಾಳೆಯಾದ ಮೇಲೆ ಪೆನ್ನಿನ ಕ್ಯಾಪು ಹಾಕುವ ಕ್ಷಣ. ಕ್ಯಾಪು "ಟಕ್" ಅಂದರೆ ಎಡಗೈ ತಾನಾಗಿ ಅಂಗಿ ಜೇಬಿಗೆ ಹೋಗುತ್ತದೆ. ಇದನ್ನು ಹೇಳುವಾಗಲೂ ಕೈ ಜೇಬಿಗೆ ಹೋಯಿತು, ಮೂವರೂ ನಕ್ಕೆವು. ಕ್ಯಾಪಿಲ್ಲದ, ಒತ್ತುವ ಪೆನ್ನು ತಗೊಳ್ಳಿ, ಜೇಬಿನಲ್ಲಿ ಏನಾದರೂ ಇರಲಿ ಎಂದೆ. ಹಿಂದೆ ಲವಂಗ ಇಟ್ಟುಕೊಳ್ಳಿ ಎಂದು ನಾನೇ ಹೇಳಿದ್ದೆ. ದಿನಕ್ಕೆ ಇಪ್ಪತ್ತು ಅಗಿದು ಬಾಯೆಲ್ಲ ಹುಣ್ಣಾಗಿತ್ತು. ಸಿಗರೇಟು ಬಿಟ್ಟ ಹೊಸತರಲ್ಲಿ ಬಾಯಿಹುಣ್ಣು ಹೇಗೂ ಬರುತ್ತದೆ, ಅದರ ಮೇಲೆ ನನ್ನ ಲವಂಗ. ಈಗ ಸೋಂಪು.

ಮಂಡಿಯಲ್ಲಿ ಇನ್ನೊಂದು ಅಪಾಯವಿತ್ತು. ಜೊತೆಯವರು, "ಬೀಡಿ ಸಿಗರೇಟು ಬಿಟ್ಟಿದ್ದೀಯಲ್ಲ ಮಾರಾಯ, ಒಂದು ಎಲೆ ಅಡಿಕೆ ಹಾಕು, ಚೂರು ಹೊಗೆಸೊಪ್ಪಿದ್ರೆ ಏನೂ ಆಗಲ್ಲ" ಅನ್ನುತ್ತಿದ್ದರು. ಹೊಗೆಸೊಪ್ಪು ಬಾಯಿಗೆ ಬಿದ್ದರೆ ನಿಕೋಟಿನ್ ವಾಪಸು ಬಂದಂತೆಯೇ. ಸೇದಿದರೇನು, ಅಗಿದರೇನು. ಬರೀ ಅಡಿಕೆಯನ್ನೂ ವಿಶ್ವ ಆರೋಗ್ಯ ಸಂಸ್ಥೆಯ ಕ್ಯಾನ್ಸರ್ ಸಂಶೋಧನಾ ವಿಭಾಗ 2004ರಲ್ಲಿ ಕ್ಯಾನ್ಸರ್‌ಕಾರಕಗಳ ಪಟ್ಟಿಗೆ ಸೇರಿಸಿದೆ. ಅಡಿಕೆಯಿಂದಲೇ ಅನ್ನ ಉಣ್ಣುವ ಊರಲ್ಲಿ ಇದನ್ನು ಹೇಳುವಾಗ ನನ್ನ ದನಿ ಸ್ವಲ್ಪ ಸಣ್ಣದಾಗುತ್ತದೆ. ಆದರೂ ಹೇಳುತ್ತೇನೆ.

ಸ್ಟ್ರಿಪ್ ಅವರ ಜೇಬಿಗೇ ವಾಪಸು ಹೋಯಿತು. ಶನಿವಾರ ಫೋನ್ ಮಾಡಿದರು: ವಾಕರಿಕೆ ಅರ್ಧಕ್ಕರ್ಧ ಇಳಿದಿದೆ, ಕೈ ನಡುಗುತ್ತಿಲ್ಲ, ಕೆಮ್ಮು ಹಾಗೇ ಇದೆ.

ಹತ್ತೊಂಬತ್ತನೇ ದಿನ ಜಾರಿದರು. ಸಂಬಂಧಿಕರ ಗೃಹಪ್ರವೇಶ, ರಾತ್ರಿ ಹಿತ್ತಲಲ್ಲಿ ಗಂಡಸರ ಗುಂಪು, ಎರಡು ಪೆಗ್ಗು, ಎರಡು ಸಿಗರೇಟು. ಮಾರನೇ ದಿನ ಫೋನಿನಲ್ಲಿ ದನಿಯೇ ಇಲ್ಲ. "ಎಲ್ಲಾ ಹಾಳಾಯ್ತು, ಗುಳಿಗೆ ಬಿಡ್ಲಾ?" ಬಿಡಬೇಡಿ, ರಾತ್ರಿಯದು ತಪ್ಪಿದ್ದರೆ ಎರಡು ಒಟ್ಟಿಗೆ ನುಂಗಬೇಡಿ, ಇವತ್ತಿನದು ಇವತ್ತು ತಗೊಳ್ಳಿ ಎಂದೆ. ಈ ಔಷಧಿಯ ಜೊತೆ ಕೆಲವರಿಗೆ ಮದ್ಯ ಮಾಮೂಲಿಗಿಂತ ಹೆಚ್ಚು ತಲೆಗೇರುತ್ತದೆ, ಅದನ್ನು ಮೊದಲೇ ಹೇಳಿದ್ದೆವು. ಇನ್ನು ಚಿಕಿತ್ಸೆ ಮುಗಿಯುವವರೆಗೆ ಅಂಥ ಹಿತ್ತಲುಗಳಿಂದ ದೂರ. ಆಮೇಲೆ ಕೇಳಿದೆ, ಸೇದಿದಾಗ ಹೇಗಿತ್ತು? "ಅದೇ ವಿಚಿತ್ರ ಮೇಡಂ. ಹೊಗೆ ಹೋಯ್ತು, ಬಂತು. ತೌಡು ತಿಂದ ಹಾಗಿತ್ತು. ಎರಡನೇದು ಮೊದಲನೇದು ಸರಿಯಾಗಿ ಹತ್ತಲಿಲ್ವೇನೋ ಅಂತ ಹಚ್ಚಿದ್ದು." ಗುಳಿಗೆ ಆಗಿಬರಲ್ಲ ಎಂದವರೇ ಅದು ಕೆಲಸ ಮಾಡಿದ್ದಕ್ಕೆ ಸಾಕ್ಷಿ ಹೇಳುತ್ತಿದ್ದರು. ಅದನ್ನು ಎಡಗಡೆ ಖಾತೆಗೆ ಜಮಾ ಮಾಡಿಸಿದೆ.

ರಾತ್ರಿ ಒಂಬತ್ತರ ಮೇಲೆ ನನ್ನ ಫೋನ್ ಆಫ್ ಇರುತ್ತದೆ ಅಂತ ಎಲ್ಲರಿಗೂ ಹೇಳಿಬಿಡುತ್ತೇನೆ. ನಮ್ಮ ಕೇಂದ್ರ ದೂರವಾಗುವವರಿಗೆ ತಂಬಾಕು ಬಿಡಲು ನೆರವಾಗುವ ರಾಷ್ಟ್ರೀಯ ಉಚಿತ ಸಹಾಯವಾಣಿ 1800-11-2356 ಇದೆ. ಬೆಂಗಳೂರಿನ ನಿಮ್ಹಾನ್ಸ್‌ನ ಮೂಲಕ ಕನ್ನಡದಲ್ಲೂ ಮಾತಾಡುತ್ತಾರೆ.

ಒಂದು ಬೆಳಿಗ್ಗೆ ಮಂಜಪ್ಪನವರು ನನ್ನನ್ನು ಆಸ್ಪತ್ರೆಯ ಮೆಟ್ಟಿಲ ಮೇಲೇ ಹಿಡಿದರು. "ಕನಸಲ್ಲಿ ಪೂರ್ತಿ ಪ್ಯಾಕು ಸೇದಿದೆ ಮೇಡಂ, ಎದ್ದು ಬಾಯಿ ತೊಳ್ಕೊಂಡೆ. ಇದನ್ನೂ ಬರೀಬೇಕಾ?" ಬಿಟ್ಟವರಲ್ಲಿ ಬಹಳ ಜನರಿಗೆ ಇಂಥ ಕನಸು ಬೀಳುತ್ತದೆ, ಸೇದಿದ ಲೆಕ್ಕಕ್ಕೆ ಬರುವುದಿಲ್ಲ ಎಂದೆ.

ಕಳೆದ ಬಾರಿ ಬಂದಾಗ ಅರವತ್ತೈದನೇ ದಿನ. ತೂಕ ಮೂರು ಕಿಲೋ ಏರಿದೆ, ಅದರದ್ದು ಹೆಂಡತಿಗಿಂತ ಅವರಿಗೇ ಚಿಂತೆ. ಸಂಜೆ ಮಂಡಿಯಿಂದ ಮನೆಗೆ ಬೈಕು ಬಿಟ್ಟು ನಡೆದು ಹೋಗುವುದು ಅಂತಾಯಿತು. ಆಸೆ ದಿನಕ್ಕೆ ಒಂದೋ ಎರಡೋ ಸಲ, ಅದೂ ಪೆನ್ನಿನ ಹೊತ್ತಿಗೆ. ಚೆನ್ನಾಗೇ ಇದ್ದೇನಲ್ಲ, ಗುಳಿಗೆ ಈಗಲೇ ನಿಲ್ಲಿಸಲಾ ಎಂದು ಕೇಳಿದರು. ಇನ್ನೂ ಹತ್ತೊಂಬತ್ತು ದಿನ ಇದೆ, ವೈದ್ಯರು ಹೇಳಿದಷ್ಟೂ ಮುಗಿಸಿ ಎಂದೆ. ಕೆಂಪು ಪುಸ್ತಕ ತೆರೆದು ಹತ್ತೊಂಬತ್ತು ಎಂದು ಬರೆದುಕೊಂಡರು, ಒತ್ತುವ ಪೆನ್ನಿನಲ್ಲಿ.