ಗಂಡ ಕೆನಡಾದಲ್ಲಿ, ಹೆಂಡತಿ ಹಾಸನದಲ್ಲಿ: ಕಾಗದಪತ್ರ ಹೇಗೆ ಜೋಡಿಸಬೇಕು?

ಕೆನಡಾದಲ್ಲಿರುವ ಗಂಡ ಅಥವಾ ಹೆಂಡತಿ ತಮ್ಮ ಸಂಗಾತಿಯನ್ನು ಅಲ್ಲಿಗೆ ಕರೆಸಿಕೊಳ್ಳಲು ಸ್ಪಾನ್ಸರ್ ಮಾಡುವ ಬಗ್ಗೆ ಈ ಸಲ ಪತ್ರಗಳು ಜಾಸ್ತಿ ಬಂದಿವೆ. ನಾನೂ ಇದೇ ದಾರಿಯಲ್ಲಿ ಶಿವಮೊಗ್ಗದಿಂದ ಮಿಸ್ಸಿಸಾಗಾಗೆ ಬಂದವಳು. ಆಮೇಲೆ ಇಲ್ಲಿನ ವಕೀಲರ ಕಚೇರಿಯೊಂದರಲ್ಲಿ ಇಂಥ ಅರ್ಜಿಗಳ ಕಾಗದ ಜೋಡಿಸುವುದೇ ನನ್ನ ಕೆಲಸವಾಯಿತು. ಕಾನೂನು ಸಲಹೆ ವಕೀಲರದ್ದು. ಕಾಗದಪತ್ರದ ವಿಷಯ ನಾನು ಹೇಳಬಲ್ಲೆ.

ಪ್ರಶ್ನೆ: ನಮ್ಮದು ಮನೆಯವರು ನೋಡಿ ಮಾಡಿದ ಮದುವೆ. ಮದುವೆಯಾಗಿ ಮೂರೇ ವಾರಕ್ಕೆ ಅವರು ಬ್ರಾಂಪ್ಟನ್‌ಗೆ ವಾಪಸ್ ಹೋದರು. ಅವರಿಗೆ ಪಿಆರ್ (ಅಲ್ಲಿ ಕಾಯಂ ನೆಲೆಸುವ ಅನುಮತಿ) ಇದೆ. ಜೊತೆಯಲ್ಲಿ ಇದ್ದದ್ದೇ ಕಡಿಮೆ, ತೋರಿಸೋಕೆ ಏನೂ ಇಲ್ಲ ಅನ್ನಿಸುತ್ತಿದೆ. ಇಲ್ಲಿನ ಏಜೆಂಟ್ ಒಬ್ಬರು, ‘ಒಂದು ವರ್ಷದಿಂದ ಪ್ರೀತಿಸ್ತಿದ್ವಿ ಅಂತ ಬರೀರಿ, ಹಳೇ ತಾರೀಖಿನ ಪತ್ರ ನಾನು ಮಾಡಿಸಿಕೊಡ್ತೀನಿ’ ಅನ್ನುತ್ತಾರೆ. ವಾಟ್ಸಾಪ್ ಮೆಸೇಜು ರಾಶಿ ಇವೆ, ಎಲ್ಲ ಕನ್ನಡದಲ್ಲಿ. ಏನು ಮಾಡಲಿ?
— ಓದುಗಿ, ಹಾಸನ

ಉತ್ತರ: ಮೊದಲು ಆ ಏಜೆಂಟ್ ಸಹವಾಸ ಬಿಡಿ. ಇದನ್ನು ಕೈಮುಗಿದು ಹೇಳುತ್ತಿದ್ದೇನೆ. ಸುಳ್ಳು ಕಾಗದ ಸಿಕ್ಕಿಬಿದ್ದರೆ ಅರ್ಜಿ ತಿರಸ್ಕಾರವಾಗುವುದಷ್ಟೇ ಅಲ್ಲ, ಐದು ವರ್ಷ ಕೆನಡಾಕ್ಕೆ ಕಾಲಿಡದಂತೆ ತಡೆ ಬೀಳುತ್ತದೆ. ಆ ಶಿಕ್ಷೆ ನಿಮಗೆ, ಏಜೆಂಟ್‌ಗೆ ಅಲ್ಲ. ದುಡ್ಡು ಕೊಟ್ಟು ಸಹಾಯ ಪಡೆಯಲೇಬೇಕಾದರೆ ಕೆನಡಾದ ವಕೀಲರು, ಇಲ್ಲವೇ ಅಲ್ಲಿನ ಇಮಿಗ್ರೇಶನ್ ಕನ್ಸಲ್ಟೆಂಟ್‌ಗಳ ಕಾಲೇಜಿನ (ಇದು ಓದುವ ಕಾಲೇಜಲ್ಲ, ಅವರನ್ನು ನಿಯಂತ್ರಿಸುವ ಸಂಸ್ಥೆ) ಲೈಸೆನ್ಸ್ ಇರುವವರ ಹತ್ತಿರ ಹೋಗಿ. ಲೈಸೆನ್ಸ್ ಇದೆಯಾ ಎಂದು ಆ ಕಾಲೇಜಿನ ವೆಬ್‌ಸೈಟ್‌ನಲ್ಲಿ ನೀವೇ ಹುಡುಕಿ ನೋಡಬಹುದು.

ಅಧಿಕಾರಿ ಎರಡು ವಿಷಯ ನೋಡುತ್ತಾರೆ. ಈ ಮದುವೆ ನಿಜವಾದದ್ದಾ? ಮುಖ್ಯವಾಗಿ ವೀಸಾಗೋಸ್ಕರ ಆದದ್ದಾ? ಎರಡರಲ್ಲಿ ಒಂದರ ಬಗ್ಗೆ ಅವರಿಗೆ ಸಮಾಧಾನ ಆಗದಿದ್ದರೂ ಅರ್ಜಿ ಬೀಳುತ್ತದೆ. ಮನೆಯವರು ಮಾಡಿದ ಮದುವೆ ಎನ್ನುವುದು ಅವರಿಗೆ ಹೊಸದೇನಲ್ಲ. ಐಎಂಎಂ 5532 ಎಂಬ ಫಾರಂನಲ್ಲಿ ನಿಮ್ಮ ಪರಿಚಯ ಹೇಗಾಯಿತು, ಮದುವೆ ಕುದುರಿಸಿದವರು ಯಾರು, ಮದುವೆಗೆ ಯಾರ್‍ಯಾರು ಬಂದಿದ್ದರು ಎಂದೆಲ್ಲ ಕೇಳುತ್ತಾರೆ. ನಡೆದದ್ದನ್ನು ನಡೆದ ಹಾಗೇ ಬರೆಯಿರಿ. ಸೋದರಮಾವ ಜಾತಕ ತಂದಿದ್ದು, ವಿಡಿಯೋ ಕಾಲ್‌ನಲ್ಲಿ ಮೊದಲ ಮಾತು, ಹುಡುಗನ ಅಪ್ಪ ಅಮ್ಮ ನಿಮ್ಮ ಮನೆಗೆ ಬಂದ ದಿನ, ನಿಶ್ಚಿತಾರ್ಥ, ಧಾರೆ. ಮದುವೆಗೆ ಮುಂಚೆ ನೀವಿಬ್ಬರು ಎದುರುಬದುರು ಕೂತು ಮಾತಾಡಿದ್ದು ಒಂದೇ ಸಲ ಆದರೆ ಅದನ್ನೂ ಬರೆಯಿರಿ. ನಮ್ಮ ಕಡೆ ಹಾಗೆಯೇ ನಡೆಯುತ್ತದೆ ಅಲ್ವಾ? ಮುಚ್ಚಿಡುವಂಥದ್ದು ಅದರಲ್ಲಿ ಏನಿದೆ? ನಿಮ್ಮ ಯಜಮಾನರು ಕೊಡುವ ಉತ್ತರಕ್ಕೂ ನಿಮ್ಮ ಉತ್ತರಕ್ಕೂ ತಾರೀಖು ತಾಳೆಯಾಗಬೇಕು. ಒಬ್ಬರು ಬರೆದದ್ದನ್ನು ಇನ್ನೊಬ್ಬರು ಕಾಪಿ ಮಾಡಲೂಬಾರದು. ಫೋನ್ ಹಿಡಿದು ಇಬ್ಬರೂ ಕೂತು ಒಂದೊಂದೇ ತಾರೀಖು ನೆನಪಿಸಿಕೊಳ್ಳಿ, ಆಮೇಲೆ ನಿಮ್ಮ ನಿಮ್ಮ ಮಾತಲ್ಲಿ ಬರೆಯಿರಿ.

ತೋರಿಸೋಕೆ ಏನೂ ಇಲ್ಲ ಅಂದಿರಿ. ನಿಮ್ಮ ಮನೆಯ ಬೀರುವಿನಲ್ಲೇ ಎಷ್ಟೋ ಇದೆ. ಲಗ್ನಪತ್ರಿಕೆ, ಕಲ್ಯಾಣ ಮಂಟಪದ ರಸೀದಿ, ಫೋಟೋಗ್ರಾಫರ್ ಬಿಲ್ಲು, ಅವರು ಬಂದು ಹೋದ ಬೋರ್ಡಿಂಗ್ ಪಾಸ್, ಪಾಸ್‌ಪೋರ್ಟಿನ ಮುದ್ರೆ. ಮದುವೆಯಾದ ಮೇಲೆ ಅವರು ದುಡ್ಡು ಕಳಿಸಿದ್ದರೆ ಅದರ ದಾಖಲೆ. ಅವರ ಆಫೀಸಿನ ವಿಮೆಯಲ್ಲಿ ನಿಮ್ಮ ಹೆಸರು ಸೇರಿಸಿದ್ದರೆ ಅದರ ಪತ್ರ. ಗಂಡ ಹೆಂಡತಿ ಬೇರೆ ಬೇರೆ ದೇಶದಲ್ಲಿದ್ದಾಗ ಜಂಟಿ ಕರೆಂಟ್ ಬಿಲ್ ಇಲ್ಲದಿರುವುದು ಸಹಜ. ಅದಕ್ಕಾಗಿ ಏನನ್ನೂ ಸೃಷ್ಟಿಸಬೇಡಿ. ತುಂಬಾ ಜನ ಮರೆಯುವ ವಿಷಯ ಇನ್ನೊಂದಿದೆ. ಕೆನಡಾದ ತೆರಿಗೆ ಇಲಾಖೆಗೆ ಅವರು ಮದುವೆಯಾದ ವಿಷಯ ತಿಳಿಸಿದ್ದಾರಾ? ಸ್ಪಾನ್ಸರ್ ಅರ್ಜಿಯಲ್ಲಿ ‘ವಿವಾಹಿತ’, ತೆರಿಗೆ ರಿಟರ್ನಿನಲ್ಲಿ ‘ಅವಿವಾಹಿತ’ ಎಂದಿದ್ದರೆ ಸುಮ್ನೆ ಅನುಮಾನ ಹುಟ್ಟುತ್ತದೆ.

ಫೋಟೋ 20ಕ್ಕಿಂತ ಹೆಚ್ಚು ಬೇಡ, ಮೆಸೇಜು ಕಾಲ್ ದಾಖಲೆ ಎಲ್ಲ ಸೇರಿ 10 ಪುಟ ಸಾಕು ಎಂದು, ಅರ್ಜಿಯ ಜೊತೆ ಏನೇನು ಕೊಡಬೇಕೆಂದು ಹೇಳುವ ಐಎಂಎಂ 5533 ಚೆಕ್‌ಲಿಸ್ಟೇ ಹೇಳುತ್ತದೆ. ಇಡೀ ಆಲ್ಬಂ ಕಳಿಸಿದರೆ ಪ್ರಯೋಜನವಿಲ್ಲ. ಸ್ಟೇಜಿನ ಮೇಲೆ ಇಬ್ಬರೇ ನಿಂತ ಫೋಟೋ ಎರಡು ಸಾಕು. ಉಳಿದವುಗಳಲ್ಲಿ ಜನ ಕಾಣಲಿ: ಧಾರೆ ಎರೆಯುವ ಅಪ್ಪ ಅಮ್ಮ, ಬೀಗರ ಜೊತೆ ಊಟದ ಸಾಲು, ಗಂಡನ ಮನೆ ತುಂಬಿಸಿಕೊಂಡದ್ದು, ಆಮೇಲೆ ಬೇಲೂರಿಗೋ ಧರ್ಮಸ್ಥಳಕ್ಕೋ ಹೋಗಿದ್ದರೆ ಅದು. ಪ್ರತಿ ಫೋಟೋದ ಕೆಳಗೆ ತಾರೀಖು, ಜಾಗ, ಯಾರು ಯಾರು ಎಂದು ಒಂದು ಸಾಲು ಬರೆಯಿರಿ. ಮೆಸೇಜುಗಳನ್ನೂ ಹಾಗೆಯೇ ಆರಿಸಿ. ಒಂದೇ ವಾರದ 10 ಪುಟ ಬೇಡ. ಮಾತುಕತೆ ಶುರುವಾದ ದಿನಗಳಿಂದ ಈ ತಿಂಗಳವರೆಗೆ, ನಡುನಡುವೆ ಒಂದೊಂದು ಪುಟ ಇರಲಿ. ಮುದ್ದಿನ ಮಾತಿಗಿಂತ ‘ಅತ್ತೆಗೆ ಬಿಪಿ ಮಾತ್ರೆ ತಗೊಂಡ್ರಾ’ ಎನ್ನುವ ಮೆಸೇಜು ಸಂಸಾರವನ್ನು ಚೆನ್ನಾಗಿ ತೋರಿಸುತ್ತದೆ.

ಆರಿಸಿದ ಪುಟಗಳಿಗೂ ಲಗ್ನಪತ್ರಿಕೆಗೂ ಇಂಗ್ಲಿಷ್ ಅನುವಾದ ಬೇಕು. ಇಂಗ್ಲಿಷ್ ಅಕ್ಷರದಲ್ಲಿ ಟೈಪ್ ಮಾಡಿದ ಕನ್ನಡಕ್ಕೂ ಬೇಕು. ನೀವಾಗಲಿ ಮನೆಯವರಾಗಲಿ ಅನುವಾದ ಮಾಡಿದರೆ ಒಪ್ಪುವುದಿಲ್ಲ, ಇಂಗ್ಲಿಷ್ ಮೇಷ್ಟ್ರಾದ ನಿಮ್ಮ ಅಣ್ಣ ಮಾಡಿದರೂ ಅಷ್ಟೇ. ಹೊರಗಿನವರಿಂದ ಮಾಡಿಸಿ, ಅವರು ನೋಟರಿ ಮುಂದೆ ಅಫಿಡವಿಟ್ ಕೊಡಲಿ. ಪತ್ರಿಕೆಯಲ್ಲಿ ನಿಮ್ಮ ಹೆಸರು ಮನೆಯಲ್ಲಿ ಕರೆಯುವ ಹೆಸರಾಗಿದ್ದರೆ, ಪಾಸ್‌ಪೋರ್ಟಿನ ಹೆಸರೂ ಇದೂ ಒಬ್ಬರದೇ ಎಂದು ವಿವರಣೆ ಪತ್ರದಲ್ಲಿ ತಿಳಿಸಿ.

ಪ್ರಶ್ನೆ: ಮಗಳಿಗೆ ಗೊತ್ತಾದ ಹುಡುಗನಿಗೆ ಇನ್ನೆರಡು ತಿಂಗಳಲ್ಲಿ ಕೆನಡಾದ ಪಿಆರ್ ಆಗುತ್ತದೆ. ಶಾಸ್ತ್ರದ ಮದುವೆ ಮುಂದಿನ ವರ್ಷ. ವೀಸಾ ಬೇಗ ಆಗಲಿ ಎಂದು ಈಗಲೇ ಸಬ್‌ರಿಜಿಸ್ಟ್ರಾರ್ ಕಚೇರಿಯಲ್ಲಿ ನೋಂದಣಿ ಮಾಡಿಸೋಣ ಎನ್ನುತ್ತಾರೆ ಬೀಗರು. ಮಾಡಬಹುದಾ?
— ತಂದೆ, ತುಮಕೂರು

ಉತ್ತರ: ದಯವಿಟ್ಟು ಬೇಡ. 2024ರ ಏಪ್ರಿಲ್‌ನಲ್ಲಿ ಸುಪ್ರೀಂ ಕೋರ್ಟಿನ ನ್ಯಾಯಮೂರ್ತಿಗಳಾದ ಬಿ.ವಿ. ನಾಗರತ್ನ ಮತ್ತು ಆಗಸ್ಟಿನ್ ಜಾರ್ಜ್ ಮಸೀಹ್ ಇದನ್ನೇ ಬಿಡಿಸಿ ಹೇಳಿದ್ದಾರೆ. ಹಿಂದೂ ವಿವಾಹ ಕಾಯ್ದೆಯ ಪ್ರಕಾರ ಶಾಸ್ತ್ರ ನಡೆಯದೆ ಬರೀ ಸರ್ಟಿಫಿಕೇಟ್ ಮಾಡಿಸಿದರೆ ಅದು ಮದುವೆಯೇ ಅಲ್ಲ. ವೀಸಾಗೋಸ್ಕರ ಹೀಗೆ ಮೊದಲೇ ನೋಂದಣಿ ಮಾಡಿಸುವವರ ಬಗ್ಗೆಯೂ ಆ ಆದೇಶದಲ್ಲಿ ಮಾತಿದೆ. ನಾಳೆ ಸಂಬಂಧ ಮುರಿದುಬಿದ್ದರೆ ನಿಮ್ಮ ಮಗಳ ಪಾಡೇನು? ಬೇಗ ಆಗಲೇಬೇಕಿದ್ದರೆ ಮನೆಮಟ್ಟಿಗೆ, ದೇವಸ್ಥಾನದಲ್ಲಾದರೂ ಶಾಸ್ತ್ರೋಕ್ತವಾಗಿ ಧಾರೆ ಎರೆದು ಆಮೇಲೆ ನೋಂದಾಯಿಸಿ. ಇಲ್ಲವೇ 1954ರ ವಿಶೇಷ ವಿವಾಹ ಕಾಯ್ದೆಯಡಿ 30 ದಿನದ ನೋಟಿಸ್ ಕೊಟ್ಟು ಮದುವೆ ಮಾಡಿ. ಹುಡುಗ ಅಲ್ಲೇ ಕೂತು ವಿಡಿಯೋದಲ್ಲಿ ಮದುವೆಯಾಗುವುದಂತೂ ಬೇಡವೇ ಬೇಡ. ಇಬ್ಬರೂ ಒಂದೇ ಕಡೆ ಎದುರಿಗಿಲ್ಲದ ಮದುವೆಯನ್ನು ಕೆನಡಾ 2015ರಿಂದ ಸ್ಪಾನ್ಸರ್‌ಶಿಪ್‌ಗೆ ಒಪ್ಪುವುದಿಲ್ಲ.

ಇದಕ್ಕಿಂತ ದೊಡ್ಡ ಅಪಾಯ ಇನ್ನೊಂದಿದೆ. ಪಿಆರ್ ಕೈಗೆ ಬರುವ ಮೊದಲೇ ಮದುವೆಯಾದರೆ ಹುಡುಗ ಅದನ್ನು ಇಮಿಗ್ರೇಶನ್ ಇಲಾಖೆಗೆ ಕೂಡಲೇ ತಿಳಿಸಬೇಕು. ಹೆಂಡತಿಯ ವೈದ್ಯಕೀಯ ಪರೀಕ್ಷೆಯೂ ಆ ಅರ್ಜಿಯಲ್ಲೇ ಆಗಬೇಕು. ಮುಚ್ಚಿಟ್ಟು ಪಿಆರ್ ಪಡೆದರೆ, ಮುಂದೆ ಅದೇ ಹೆಂಡತಿಯನ್ನು ಸ್ಪಾನ್ಸರ್ ಮಾಡುವ ದಾರಿಯನ್ನು ನಿಯಮವೇ ಮುಚ್ಚುತ್ತದೆ. ಹೀಗಾಗಿ ವರ್ಷಗಟ್ಟಲೆ ದೂರ ಉಳಿದ ಜೋಡಿಗಳನ್ನು ನೋಡಿದ್ದೇನೆ. ಹೊಟ್ಟೆ ಉರಿಯುತ್ತದೆ. ಬೀಗರ ಜೊತೆ ಕೂತು ಇದನ್ನು ಬಾಯಿಬಿಟ್ಟು ಕೇಳಿ: ಮದುವೆ ಪಿಆರ್‌ಗೆ ಮೊದಲಾ, ಆಮೇಲಾ? ಮೊದಲಾದರೆ ತಿಳಿಸುತ್ತೀರಾ? ಸಂಕೋಚ ಬೇಡ, ಇದು ಮಗಳ ಜೀವನ.

ಪ್ರಶ್ನೆ: ನನ್ನದು ಎರಡನೇ ಮದುವೆ. ಮೊದಲ ಗಂಡನಿಂದ ಊರ ಹಿರಿಯರ ಮುಂದೆ ಬಾಂಡ್ ಪೇಪರ್ ಮೇಲೆ ಬಿಡುಗಡೆ ಬರೆಸಿಕೊಂಡಿದ್ದೇನೆ. ಏಳು ವರ್ಷದ ಮಗ ಮೊದಲ ಗಂಡನ ಹತ್ತಿರ ಇದ್ದಾನೆ. ಅವನ ವಿಷಯ ಬರೆಯಬೇಕಾ?
— ಓದುಗಿ, ಬೆಳಗಾವಿ ಜಿಲ್ಲೆ

ಉತ್ತರ: ಬರೆಯಲೇಬೇಕು. ಅವನು ಈಗ ಬರಲಿ ಬಿಡಲಿ, ಹೆಸರು ಅರ್ಜಿಯಲ್ಲಿ ಇರಬೇಕು, ವೈದ್ಯಕೀಯ ಪರೀಕ್ಷೆ ಆಗಬೇಕು. ಅದಕ್ಕೆ ಅವನ ಅಪ್ಪ ಸಹಕರಿಸದಿದ್ದರೆ ನೀವು ಏನೇನು ಪ್ರಯತ್ನ ಮಾಡಿದಿರಿ ಎಂಬುದರ ದಾಖಲೆ ಇಟ್ಟುಕೊಂಡು ವಕೀಲರನ್ನು ಕಾಣಿ. ಈಗ ಬಿಟ್ಟರೆ ಮುಂದೆ ಕರೆಸಿಕೊಳ್ಳುವ ಬಾಗಿಲು ಮುಚ್ಚಬಹುದು. ತಾಯಿಗೆ ಇದು ಎಷ್ಟು ಕಷ್ಟದ ವಿಷಯ ಎಂದು ನನಗೆ ಗೊತ್ತು. ಮುಂದೆ ಅವನು ನಿಮ್ಮ ಜೊತೆ ಹೊರಡುವುದಾದರೆ ಅಪ್ಪನ ಒಪ್ಪಿಗೆಗೆ ಐಎಂಎಂ 5604 ಫಾರಂ ಇದೆ.

ಬಿಡುಗಡೆ ಪತ್ರದ ವಿಷಯ: ಬಾಂಡ್ ಪೇಪರ್ ವಿಚ್ಛೇದನ ಅಲ್ಲ. ಕೆಲವು ಸಮುದಾಯಗಳ ರೂಢಿಯ ಬಿಡುಗಡೆಯನ್ನು ಕಾನೂನು ಒಪ್ಪುತ್ತದೆ ನಿಜ. ಆದರೆ ಆ ರೂಢಿ ಇದೆ ಎಂದು ಕೋರ್ಟಿನಲ್ಲಿ ಸಾಬೀತು ಮಾಡಬೇಕಾಗುತ್ತದೆ. ಮೊದಲ ಮದುವೆ ಕಾನೂನಿನ ಪ್ರಕಾರ ಮುಗಿದಿಲ್ಲ ಎಂದಾದರೆ ಎರಡನೆಯದೇ ನಿಲ್ಲುವುದಿಲ್ಲ. ಕೌಟುಂಬಿಕ ನ್ಯಾಯಾಲಯದ ವಕೀಲರೊಬ್ಬರಿಗೆ ಆ ಪೇಪರ್ ತೋರಿಸಿ. ಅಲ್ಲಿಯವರೆಗೆ ಅರ್ಜಿ ಹಾಕಬೇಡಿ.

ಪ್ರಶ್ನೆ: ಪಾಸ್‌ಪೋರ್ಟಿನಲ್ಲಿ ನನಗೆ ಸರ್‌ನೇಮ್ ಇಲ್ಲ, ಆ ಜಾಗ ಖಾಲಿ. ಎಸ್ಸೆಸ್ಸೆಲ್ಸಿ ಅಂಕಪಟ್ಟಿಯಲ್ಲಿ ಇನಿಷಿಯಲ್ ಇದೆ. ಫಾರಂ ಹೇಗೆ ತುಂಬಲಿ? ಪೊಲೀಸ್ ಸರ್ಟಿಫಿಕೇಟ್ ಠಾಣೆಯಲ್ಲೇ ಸಿಗುತ್ತದಾ?
— ಓದುಗ, ಮಂಡ್ಯ

ಉತ್ತರ: ಪಾಸ್‌ಪೋರ್ಟಿನಲ್ಲಿರುವ ನಿಮ್ಮ ಪೂರ್ತಿ ಹೆಸರನ್ನು ಫಾರಂನ ಕುಟುಂಬದ ಹೆಸರಿನ ಜಾಗದಲ್ಲಿ ಬರೆದು, ‘ಗಿವನ್ ನೇಮ್’ ಜಾಗ ಖಾಲಿ ಬಿಡಿ. ಇನಿಷಿಯಲ್ ಬಿಡಿಸಿ ಹೊಸ ಸರ್‌ನೇಮ್ ಮಾಡಿಕೊಳ್ಳಬೇಡಿ. ಅಂಕಪಟ್ಟಿಯ ಹೆಸರನ್ನು ‘ಬಳಸಿದ ಇತರ ಹೆಸರು’ ಎಂಬಲ್ಲಿ ಸೇರಿಸಿ.

ಠಾಣೆಯ ಪತ್ರ ನಡೆಯುವುದಿಲ್ಲ. ಪಾಸ್‌ಪೋರ್ಟ್ ಸೇವಾ ಮೂಲಕ ಪಿಸಿಸಿಗೆ (ಪೊಲೀಸ್ ಕ್ಲಿಯರೆನ್ಸ್ ಸರ್ಟಿಫಿಕೇಟ್) ಅರ್ಜಿ ಹಾಕಿ. ವಿಚಾರಣೆಗೆ ಠಾಣೆಯವರು ಕರೆಯಬಹುದು, ಆದರೆ ಸರ್ಟಿಫಿಕೇಟ್ ಕೊಡುವುದು ಪಾಸ್‌ಪೋರ್ಟ್ ಕಚೇರಿಯೇ. 18 ವರ್ಷ ತುಂಬಿದ ಮೇಲೆ, ಕಳೆದ 10 ವರ್ಷಗಳಲ್ಲಿ ದುಬೈ ಅಥವಾ ಬೇರೆ ಯಾವುದೇ ದೇಶದಲ್ಲಿ ಸತತ 6 ತಿಂಗಳು ಇದ್ದರೆ ಅಲ್ಲಿನದೂ ಬೇಕು. ಹೊರದೇಶದ್ದು ಬರುವುದು ತಡವಾಗಬಹುದು, ಅದಕ್ಕೆ ಮೊದಲು ಅರ್ಜಿ ಹಾಕಿ. ಈಗ ವಾಸವಿರುವ ದೇಶದ ಸರ್ಟಿಫಿಕೇಟ್, ಅರ್ಜಿ ಸಲ್ಲಿಸುವ ದಿನಕ್ಕೆ 6 ತಿಂಗಳಿಗಿಂತ ಹಳೆಯದಾಗಿರಬಾರದು. ಆದ್ದರಿಂದ ಭಾರತದ್ದನ್ನು ಉಳಿದ ಕಾಗದಗಳೆಲ್ಲ ಕೈಗೆ ಬರುವ ಹೊತ್ತಿಗೆ ಮಾಡಿಸಿದರೆ ಸಾಕು.