ಅಂಗಡಿಯವರು ಮಕ್ಕಳಿಗೆ ಲಾಟರಿ ಟಿಕೆಟ್ ಮಾರದ ಹಾಗೆ ಮಾಡುವುದು ಹೇಗೆ?

ನಿಮ್ಮ ಮನೆ ಕರ್ನಾಟಕ-ಕೇರಳ ಗಡಿಯ ತಲಪಾಡಿ ಹತ್ತಿರ. ಎಂಟನೇ ಕ್ಲಾಸಿನ ಮಗನ ಬ್ಯಾಗಿನಲ್ಲಿ ಕೇರಳ ಲಾಟರಿ ಟಿಕೆಟ್ ಸಿಕ್ಕಿದೆ. ಅಂಗಡಿಯವರು ಮಕ್ಕಳಿಗೆ ಕೊಡದ ಹಾಗೆ ಏನು ಮಾಡಬಹುದು ಅಂತ ಕೇಳಿದ್ದೀರಿ. ನಾನು ಈಗ ತೊಕ್ಕೊಟ್ಟಿನಲ್ಲಿ ದಿನಸಿ ಅಂಗಡಿ ಇಟ್ಟಿದ್ದೇನೆ. ಅದಕ್ಕೂ ಮೊದಲು ಆರು ವರ್ಷ ಗಡಿಯಾಚೆ ಕೇರಳದ ಹೊಸಂಗಡಿಯಲ್ಲಿ ಮಾವನ ಅಂಗಡಿಯಲ್ಲಿ ಕೂತು ದಿನಾ ಟಿಕೆಟ್ ಮಾರಿದ್ದೇನೆ. ಹಾಗಾಗಿ ಮಾರುವವನ ಕಣ್ಣಿಗೆ ಕಾಣುವುದನ್ನೇ ಹೇಳುತ್ತೇನೆ.

ಮೊದಲು ಆ ಅಂಗಡಿ ಗಡಿಯ ಯಾವ ಬದಿ ಉಂಟು ನೋಡಿ. ನಮ್ಮ ಬದಿಯಲ್ಲಾದರೆ ಮಕ್ಕಳು ದೊಡ್ಡವರು ಎಂಬ ಮಾತೇ ಇಲ್ಲ. ಕರ್ನಾಟಕದಲ್ಲಿ 2007ರಿಂದ ಲಾಟರಿ ಬಂದ್. ಒಂದು ರಾಜ್ಯ ತನ್ನ ಗಡಿಯೊಳಗೆ ಬೇರೆ ರಾಜ್ಯದ ಟಿಕೆಟ್ ಮಾರಾಟ ನಿಲ್ಲಿಸಬಹುದು ಅಂತ 1998ರ ಲಾಟರಿ ಕಾಯ್ದೆಯಲ್ಲೇ ಉಂಟು. ಮೀರಿದವರಿಗೆ ಎರಡು ವರ್ಷದವರೆಗೆ ಜೈಲು, ಇಲ್ಲವೇ ದಂಡ, ಇಲ್ಲವೇ ಎರಡೂ. ಅಂಥ ಕಡೆ ಜಗಳಕ್ಕೆ ನಿಲ್ಲಬೇಡಿ, 112ಕ್ಕೆ ಫೋನ್ ಮಾಡಿ. ಗ್ರಾಮ ಪಂಚಾಯತಿಗೂ ಒಂದು ಅರ್ಜಿ ಕೊಡಿ, ಅಂಗಡಿಯ ಲೈಸೆನ್ಸ್ ಕೊಡುವುದು ಅವರೇ ಅಲ್ವಾ. ಮಕ್ಕಳ ಗ್ರಾಮಸಭೆ ನಡೆಯುವಾಗ ಮಕ್ಕಳೇ ಎದ್ದು ನಿಂತು ಹೇಳಿದರೆ ಇನ್ನೂ ಒಳ್ಳೆಯದು.

ಕಷ್ಟ ಇರುವುದು ಆಚೆ ಬದಿಯ ಅಂಗಡಿಯಲ್ಲಿ. ಅಲ್ಲಿ ಟಿಕೆಟ್ ಸರಕಾರವೇ ಅಚ್ಚು ಹಾಕಿಸಿ ಕೊಡುವ ಮಾಲು. 1967ರಿಂದ ನಡೆದುಕೊಂಡು ಬಂದದ್ದು. ಮಾರುವವನಿಗೆ ಅದು ದಿನದ ಅನ್ನ. ಅವನನ್ನು ಕಳ್ಳನ ಹಾಗೆ ನೋಡಿದರೆ ನಿಮ್ಮ ಮಾತು ಅವನ ಕಿವಿಗೆ ಹೋಗುವುದಿಲ್ಲ.

ಮಾವನ ಅಂಗಡಿಯಲ್ಲಿ ಟಿಕೆಟ್‌ಗಳನ್ನು ಹಲಗೆಗೆ ಕ್ಲಿಪ್ ಹಾಕಿ, ಮಿಠಾಯಿ ಭರಣಿಗಳ ಮೇಲೇ ತೂಗು ಹಾಕುತ್ತಿದ್ದೆವು. ಮಧ್ಯಾಹ್ನ ಮೂರು ಗಂಟೆಗೆ ತಿರುವನಂತಪುರದಲ್ಲಿ ಡ್ರಾ. ನಾಲ್ಕಕ್ಕೆ ಶಾಲೆ ಬಿಡುತ್ತದೆ. ಅಷ್ಟೊತ್ತಿಗೆ ಅಂಗಡಿ ಎದುರು ದೊಡ್ಡವರೆಲ್ಲ ಮೊಬೈಲ್ ಹಿಡಿದು ಕೊನೆಯ ನಾಲ್ಕು ನಂಬರ್ ತಾಳೆ ನೋಡುತ್ತಿರುತ್ತಾರೆ. ಐಸ್‌ಕ್ಯಾಂಡಿಗೆ ಬಂದ ಮಕ್ಕಳು ಅವರ ತೋಳಿನ ಕೆಳಗಿಂದ ಇಣುಕಿ ನೋಡುತ್ತಾರೆ. ಅಲ್ಲೇ ಶುರು ಅದು.

ಒಂದು ಮಳೆಗಾಲ, ಹನ್ನೆರಡು ಹದಿಮೂರು ವರ್ಷದ ಹುಡುಗ ಬಂದ. ಯೂನಿಫಾರ್ಮ್ ಪೂರಾ ಒದ್ದೆ. ಹತ್ತರ ಎಂಟು ನೋಟುಗಳನ್ನು ಮುಷ್ಟಿಯಲ್ಲಿ ಮುದ್ದೆ ಮಾಡಿ ಹಿಡಿದಿದ್ದ. "ಅಣ್ಣ, ಎರಡು ಟಿಕೆಟ್. ಅಪ್ಪನಿಗೆ" ಅಂದ. ಆಗ ಟಿಕೆಟಿಗೆ 40 ರೂಪಾಯಿ. ನಾನು ನೋಟು ಬಿಡಿಸಿ ಎಣಿಸಿದೆ, ಟಿಕೆಟ್ ಹರಿದು ಕೊಟ್ಟೆ, ಒದ್ದೆಯಾಗದಿರಲಿ ಅಂತ ಪ್ಲಾಸ್ಟಿಕ್ ತೊಟ್ಟೆಯಲ್ಲಿ ಹಾಕಿಯೂ ಕೊಟ್ಟೆ. ಮರುದಿನ ಅವನ ಅಮ್ಮ ಅದೇ ತೊಟ್ಟೆ ಹಿಡಿದುಕೊಂಡು ಬಂದರು. ಬೀಡಿ ಕಟ್ಟುವವರು. ಅವನ ಅಪ್ಪ ಊರಲ್ಲೇ ಇರಲಿಲ್ಲ. ಅದು ಅಕ್ಕಿಗೆ ಇಟ್ಟ ದುಡ್ಡು. ನಾನು 80 ರೂಪಾಯಿ ವಾಪಸ್ ಕೊಡಲು ಹೋದೆ. "ದುಡ್ಡು ಬೇಡ, ಇನ್ನು ಕೊಡಬೇಡಿ" ಅಂದು ಹೋದರು. ಬೈದಿದ್ದರೆ ಅಷ್ಟು ನಾಟುತ್ತಿರಲಿಲ್ಲ.

ಅವತ್ತಿನಿಂದ ನನಗೆ ಗೊತ್ತಾದದ್ದು ಒಂದೇ. ಅಂಗಡಿಯವನನ್ನು ಮೆತ್ತಗೆ ಮಾಡುವುದು ಆ "ಅಪ್ಪನಿಗೆ" ಎಂಬ ಮಾತು. ನಮ್ಮ ಕಡೆ ಮಕ್ಕಳನ್ನು ಅಂಗಡಿಗೆ ಓಡಿಸುವುದು ಮಾಮೂಲಿ. ಬೀಡಿ, ಎಲೆ ಅಡಿಕೆ, ಎಲ್ಲಕ್ಕೂ ಅವರೇ. ನಿಜವಾಗಿ ಅಪ್ಪನೇ ಕಳಿಸಿದ್ದರೆ? ಇಲ್ಲ ಅಂದರೆ ಗಿರಾಕಿ ಮುನಿಸಿಕೊಂಡರೆ? ಈ ಹೆದರಿಕೆಯಲ್ಲಿ ಅವನು ಕೊಟ್ಟು ಬಿಡುತ್ತಾನೆ. ಹಾಗಾಗಿ ಯಾರಿಗಾಗಿ ಅಂತ ಕೇಳುವುದನ್ನೇ ಬಿಡಬೇಕು, ಯಾರ ಕೈಗೆ ಅಂತ ಮಾತ್ರ ನೋಡಬೇಕು. "ಅಪ್ಪನನ್ನೇ ಬರ್ಲಿಕ್ಕೆ ಹೇಳು ಮಗಾ" ಅಂದರೆ ಸಾಕು. ನಾನು ಆಮೇಲೆ ಹಾಗೇ ಮಾಡಿದೆ. ಇಬ್ಬರು ಅಪ್ಪಂದಿರು ಸಿಟ್ಟಾದರು, ನಾಲ್ಕು ದಿನ ಬೇರೆ ಅಂಗಡಿಗೆ ಹೋದರು, ಮತ್ತೆ ಬಂದರು.

ಯೂನಿಫಾರ್ಮಿನಲ್ಲಿ ಇದ್ದರೆ ವಯಸ್ಸು ಕೇಳುವುದೇ ಬೇಡ. ಪಿಯುಸಿ ಹುಡುಗರದ್ದು ಗೊತ್ತಾಗುವುದಿಲ್ಲ, ಮೀಸೆ ಬಂದಿರುತ್ತದೆ. ಬ್ರಿಟನ್ನಿನಲ್ಲಿ 2021ರಲ್ಲಿ ಲಾಟರಿ ಕೊಳ್ಳುವ ವಯಸ್ಸನ್ನು 16ರಿಂದ 18ಕ್ಕೆ ಏರಿಸಿದರು. ಅಲ್ಲಿನ ಅಂಗಡಿಗಳಲ್ಲಿ 25ರ ಒಳಗಿನವರ ಹಾಗೆ ಕಂಡರೆ ಸಾಕು, ಗುರುತಿನ ಚೀಟಿ ಕೇಳುವ ರೂಢಿ ಉಂಟು. ಇದು ನನಗೆ ತುಂಬಾ ಹಿಡಿಸಿತು. ಹದಿನೆಂಟೋ ಹತ್ತೊಂಬತ್ತೋ ಅಂತ ಮುಖ ನೋಡಿ ಅಂದಾಜು ಮಾಡುವ ತಲೆಬಿಸಿಯೇ ಇಲ್ಲ.

ಹಲಗೆಯನ್ನು ಮಿಠಾಯಿ ಭರಣಿಯ ಹತ್ತಿರದಿಂದ ತೆಗೆದು ಒಳಗೆ, ಎತ್ತರದಲ್ಲಿ ಹಾಕಲಿಕ್ಕೆ ಹೇಳಿ. ಖರ್ಚಿಲ್ಲದ ಕೆಲಸ, ಯಾರೂ ಬೇಡ ಅನ್ನುವುದಿಲ್ಲ. ಬಸ್ ಸ್ಟ್ಯಾಂಡಿನಲ್ಲಿ ಕೈಯಲ್ಲಿ ಹಿಡಿದು ಮಾರುತ್ತಾ ಹೋಗುವವರನ್ನು ಹಿಡಿದು ಹೇಳುವುದು ಕಷ್ಟ. ಅಲ್ಲಿ ಮಗನಿಗೇ ಹೇಳಬೇಕು. ಮೊಬೈಲಿನಲ್ಲಿ "ಕೇರಳ ಲಾಟರಿ ಆನ್‌ಲೈನ್" ಅಂತ ಬರುವುದೆಲ್ಲ ಮೋಸ ಅಂತಲೂ ಹೇಳಿ. ಕೇರಳ ಲಾಟರಿ ಮಾರುವುದು ಕಾಗದದ ಟಿಕೆಟಿನಲ್ಲಿ ಮಾತ್ರ.

ಈಗ ನೀವು ಮಾಡಬೇಕಾದ ಕೆಲಸ. ಬೆಳಿಗ್ಗೆ ಹತ್ತರ ಮೇಲೆ, ಗಿರಾಕಿ ಕಡಿಮೆ ಇರುವ ಹೊತ್ತಿಗೆ, ರಜೆಯ ದಿನ ಮಗನನ್ನು ಕರೆದುಕೊಂಡೇ ಹೋಗಿ. ಬೈಯಲಿಕ್ಕಲ್ಲ, ಮುಖ ಪರಿಚಯ ಆಗಲಿ ಅಂತ. "ಇವ ನಮ್ಮ ಮಗ. ನಾನೇ ಚೀಟಿ ಬರೆದು ಕಳಿಸಿದರೂ ಇವನ ಕೈಗೆ ಟಿಕೆಟ್ ಕೊಡಬೇಡಿ" ಅನ್ನಿ. ಅಂಗಡಿಯವನಿಗೆ ಬೇಕಾದದ್ದು ಆ ಒಂದು ಮಾತು. ಮಧ್ಯಾಹ್ನ ಅವನು ಊಟಕ್ಕೆ ಹೋದಾಗ ಗಲ್ಲಾದಲ್ಲಿ ಯಾರು ಕೂರುತ್ತಾರೆ ಅಂತ ಕೇಳಿ, ಅವರಿಗೂ ಹೇಳಿ ಬನ್ನಿ.