ಕೊನೆಯ ಎರಡು ದಿನಕ್ಕೆ ಮಲಾಕಾನೋ ಗೆಂಟಿಂಗೋ? ಎರಡೂ ಬೇಡ

ವಯಸ್ಸಾದ ಅಪ್ಪ ಅಮ್ಮ, ಚಿಕ್ಕ ಮಗು, ಒಂಬತ್ತು ದಿನದ ಸಿಂಗಪುರ–ಮಲೇಷ್ಯಾ ಪ್ರವಾಸ, ಭಾನುವಾರ ರಾತ್ರಿ ಸಿಂಗಪುರದಿಂದ ವಾಪಸ್ ವಿಮಾನ. ಕೊನೆಯ ಎರಡು ದಿನಕ್ಕೆ ಮಲೇಷ್ಯಾದ ಹಳೇ ಊರು ಮಲಾಕಾ ಸೇರಿಸಲೋ ಅಲ್ಲಿನ ಗೆಂಟಿಂಗ್ ಬೆಟ್ಟ ಸೇರಿಸಲೋ ಎಂದು ಕೇಳಿದ್ದೀರಿ. ನಿಮ್ಮ ಪ್ರಶ್ನೆ ಓದುತ್ತಾ ನನ್ನ ಎದೆ ಹೊಡೆದುಕೊಂಡಿತು. ದಿನದ ಲೆಕ್ಕವೂ ಸೇರಿ ಎಲ್ಲಾ ನಮ್ಮ ಪ್ರವಾಸದ ಹಾಗೇ ಇದೆ. ನಾನು ಮಲಾಕಾ ಸೇರಿಸಿದ್ದೆ. ವಿಮಾನ ತಪ್ಪಿತು.

2024ರ ಮೇ ಕೊನೆ. ಮಕ್ಕಳಿಗೆ ರಜೆ ಮುಗಿಯುವ ಮುಂಚಿನ ವಾರ. ನಾನು, ಹೆಂಡತಿ, ಆರು ವರ್ಷದ ಮಗಳು, ಅಪ್ಪ, ಅಮ್ಮ. ಹಾಸನದಿಂದ ಬೆಂಗಳೂರಿಗೆ ಬಂದು ವಿಮಾನ ಹತ್ತಿದೆವು. ಅಮ್ಮನಿಗೆ 66 ವರ್ಷ. ಅವರು ದೇಶ ಬಿಟ್ಟು ಹೊರಗೆ ಕಾಲಿಟ್ಟದ್ದು ಅದೇ ಮೊದಲು. ಅಪ್ಪ ನಿವೃತ್ತ ಮೇಷ್ಟ್ರು, ಹೈಸ್ಕೂಲಿನಲ್ಲಿ ಚರಿತ್ರೆ ಪಾಠ ಮಾಡಿದವರು. ಮಲಾಕಾ ನಮ್ಮ ಪಟ್ಟಿಗೆ ಬಂದದ್ದೇ ಅವರಿಂದ. 1510ರಲ್ಲಿ ಬಿಜಾಪುರದ ಆದಿಲ್‌ಶಾಹಿಗಳಿಂದ ಗೋವಾ ಕಿತ್ತುಕೊಂಡ ಪೋರ್ಚುಗೀಸ್ ಸೇನಾನಿ ಅಲ್ಬುಕರ್ಕ್, ಮರುವರ್ಷ ಹಡಗು ತೆಗೆದುಕೊಂಡು ಹೋಗಿ ಮಲಾಕಾ ಹಿಡಿದ. ‘ಆ ಪಾಠವನ್ನು ಮೂವತ್ತು ವರ್ಷ ಹೇಳಿದ್ದೇನೆ, ಅವನು ಅಲ್ಲಿ ಕಟ್ಟಿಸಿದ ಕೋಟೆಯ ಬಾಗಿಲು ಒಂದು ಸಲ ನೋಡಬೇಕು’ ಅಂದರು ಅಪ್ಪ. ಆಸೆ ದೊಡ್ಡದಲ್ಲ, ಅಲ್ವಾ? ಹಾಗಾಗಿ ಸೇರಿಸಿದೆ. ಆದರೆ ಎಲ್ಲಿ ಸೇರಿಸಿದೆ ಅನ್ನುವುದೇ ತಪ್ಪಾಯಿತು.

ಅಮ್ಮನೂ ಒಂದು ಕೇಳಿದ್ದರು. ಸಿಂಗಪುರಕ್ಕೆ ಇಳಿದ ದಿನವೇ ಸೆರಂಗೂನ್ ರಸ್ತೆಯಲ್ಲಿ ಹೋಗುವಾಗ ಬಸ್ಸಿನ ಕಿಟಕಿಯಿಂದ ಶ್ರೀನಿವಾಸ ಪೆರುಮಾಳ್ ದೇವಸ್ಥಾನದ ಗೋಪುರ ಕಾಣಿಸಿತು. ‘ಒಂದು ಗಳಿಗೆ ಒಳಗೆ ಹೋಗಿ ಬರೋಣ ಕಣೋ’ ಅಂದರು. ‘ಕೊನೇ ದಿನ ಆರಾಮಾಗಿ ಹೋಗೋಣಮ್ಮ’ ಅಂದೆ. ಮಾರನೇ ದಿನ ಸೆಂತೋಸಾ. ಅದರ ಮಾರನೇ ದಿನ ಗಾರ್ಡನ್ಸ್ ಬೈ ದಿ ಬೇ. ಅಮ್ಮ ಮತ್ತೆ ಕೇಳಲಿಲ್ಲ. ಕೊನೇ ದಿನ ಅಂತ ನಾನು ಹೇಳಿಬಿಟ್ಟಿದ್ದೆನಲ್ಲ.

ಈಗ ನನ್ನ ತಪ್ಪು ಯಾವುದು ಅಂತ ಬಿಡಿಸಿ ಹೇಳುತ್ತೇನೆ. ಇದನ್ನು ಓದದೆ ಟಿಕೆಟ್ ಮಾಡಿಸಬೇಡಿ.

ಸಿಂಗಪುರಕ್ಕೆ ಹೋಗಿ ಸಿಂಗಪುರದಿಂದಲೇ ಬರುವ ಟಿಕೆಟ್ ಒಬ್ಬರಿಗೆ 3,200 ರೂಪಾಯಿ ಕಡಿಮೆ ಇತ್ತು. ಸಿಂಗಪುರಕ್ಕೆ ಹೋಗಿ ಕ್ವಾಲಾಲಂಪುರದಿಂದ ಬರುವುದಾದರೆ ಅಷ್ಟು ಜಾಸ್ತಿ. ಐದು ಜನಕ್ಕೆ 16,000 ಉಳಿಯಿತು ಎಂದು ಮೊದಲನೆಯದನ್ನೇ ಮಾಡಿಸಿದೆ. ಅಲ್ಲಿಗೆ ಮಲೇಷ್ಯಾ ಮುಗಿಸಿ ಮತ್ತೆ ಗಡಿ ದಾಟಿ ಸಿಂಗಪುರಕ್ಕೆ ಬರಲೇಬೇಕು. ಆ ಗಡಿ ದಾಟುವ ಕೆಲಸವನ್ನು ನಾನು ವಿಮಾನದ ದಿನಕ್ಕೇ ಇಟ್ಟೆ. ಆ ದಿನ ಭಾನುವಾರ ಬೇರೆ.

ಹಾಗೆ ಇಡುವ ಧೈರ್ಯ ಯಾಕೆ ಬಂತು ಗೊತ್ತಾ? ಹೋಗುವಾಗ ಸುಲಭವಾಗಿತ್ತು. ಗುರುವಾರ ಬೆಳಿಗ್ಗೆ ಸಿಂಗಪುರದಿಂದ ಕ್ವಾಲಾಲಂಪುರಕ್ಕೆ ಬಸ್ ಹತ್ತಿದ್ದೆವು. ಎರಡೂ ಕಡೆಯ ಇಮಿಗ್ರೇಷನ್ ಸೇರಿ 40 ನಿಮಿಷದಲ್ಲಿ ಮುಗಿಯಿತು. ಇಷ್ಟೇನಾ ಅನ್ನಿಸಿತು. ಆಗ ನನಗೆ ಹೊಳೆಯದ ವಿಷಯ ಏನೆಂದರೆ, ವಾರದ ದಿನ ಬೆಳಿಗ್ಗೆ ಜನ ಬರುವುದು ಮಲೇಷ್ಯಾದಿಂದ ಸಿಂಗಪುರದ ಕಡೆಗೆ, ಕೆಲಸಕ್ಕೆ. ನಾವು ಅದರ ಎದುರು ದಿಕ್ಕಿನಲ್ಲಿ ಹೋಗಿದ್ದೆವು. ಭಾನುವಾರದ ಕಥೆಯೇ ಬೇರೆ. ಶನಿವಾರ ಆ ಕಡೆಗೆ ಊಟಕ್ಕೆ, ಶಾಪಿಂಗ್‌ಗೆ, ನೆಂಟರ ಮನೆಗೆ ಹೋದ ಸಿಂಗಪುರದವರೆಲ್ಲ ಮಧ್ಯಾಹ್ನದ ಮೇಲೆ ಒಟ್ಟಿಗೆ ವಾಪಸ್ ಹೊರಡುತ್ತಾರೆ. ಜೊತೆಗೆ ಸಿಂಗಪುರದ ಶಾಲೆಗಳಿಗೆ ರಜೆ ಶುರುವಾಗುವುದು ಮೇ ಕೊನೆಗೆ. ನಮ್ಮ ಮಕ್ಕಳ ರಜೆ ಮುಗಿಯುವ ಹೊತ್ತಿಗೆ ಅವರದ್ದು ಶುರು. ಜಗತ್ತಿನಲ್ಲೇ ಅತಿ ಹೆಚ್ಚು ಜನ ಓಡಾಡುವ ಗಡಿಗಳಲ್ಲಿ ಅದೂ ಒಂದು. ರಜೆಯ ವಾರಾಂತ್ಯದಲ್ಲಿ ಮೂರು ಗಂಟೆ ಕಾಯುವುದು ಅಲ್ಲಿ ಮಾಮೂಲು.

ನಾನು ಬಸ್ಸಿನ ಸಮಯವನ್ನು ಮಾತ್ರ ಲೆಕ್ಕ ಹಾಕಿದೆ. ಮಲಾಕಾದಿಂದ ಬೆಳಿಗ್ಗೆ 11:30ರ ಬಸ್, ನಾಲ್ಕೂವರೆ ಗಂಟೆ ದಾರಿ, ನಾಲ್ಕಕ್ಕೆ ಸಿಂಗಪುರ. ವಿಮಾನ ರಾತ್ರಿ 10:10ಕ್ಕೆ. ಆರು ಗಂಟೆ ಕೈಯಲ್ಲಿದೆ, ಅಮ್ಮನನ್ನು ದೇವಸ್ಥಾನಕ್ಕೂ ಕರೆದುಕೊಂಡು ಹೋಗಬಹುದು ಅಂದುಕೊಂಡೆ. ಹಾಸನದಿಂದ ಬೆಂಗಳೂರಿಗೆ ಹೋಗುವವನ ಲೆಕ್ಕ ಅದು. ನೆಲಮಂಗಲದಲ್ಲಿ ಟ್ರಾಫಿಕ್ ಸಿಕ್ಕರೆ ಒಂದು ಗಂಟೆ ತಡವಾಗಬಹುದು ಎಂದು ಗೊತ್ತಿದ್ದವನಿಗೆ, ಗಡಿಯಲ್ಲಿ ಏನಾಗುತ್ತದೆ ಎಂದು ಗೊತ್ತಿರಲಿಲ್ಲ.

ಗಡಿಯಲ್ಲಿ ಆಗುವುದು ಇದು. ಮೊದಲು ಜೊಹೊರ್ ಬಾರುವಿನ ಮಲೇಷ್ಯಾ ಇಮಿಗ್ರೇಷನ್‌ನಲ್ಲಿ ಬಸ್ ಇಳಿದು ಸಾಲಿನಲ್ಲಿ ನಿಲ್ಲಬೇಕು. ಮತ್ತೆ ಬಸ್ ಹತ್ತಿ ಕಾಸ್‌ವೇ ದಾಟಬೇಕು. ಅದು ಎರಡು ದೇಶಗಳ ನಡುವಿನ ಸಮುದ್ರಕ್ಕೆ ಅಡ್ಡಲಾಗಿ 1924ರಲ್ಲಿ ತೆರೆದ ದಾರಿ, ಒಂದು ಕಿಲೋಮೀಟರಿಗಿಂತ ಸ್ವಲ್ಪ ಜಾಸ್ತಿ, ಅಷ್ಟೇ. ಆಚೆ ಸಿಂಗಪುರದ ಗಡಿ ಠಾಣೆ ವುಡ್‌ಲ್ಯಾಂಡ್ಸ್‌ನಲ್ಲಿ ಮತ್ತೆ ಇಳಿಯಬೇಕು. ಈ ಸಲ ಎಲ್ಲಾ ಲಗೇಜೂ ಇಳಿಸಿಕೊಂಡು, ಮೆಟ್ಟಿಲು ಎಸ್ಕಲೇಟರ್ ಹತ್ತಿ, ಸಾಲಿನಲ್ಲಿ ನಿಂತು, ಸ್ಕ್ಯಾನಿಂಗ್ ಮಾಡಿಸಿ, ಆ ಕಡೆ ಹೋಗಿ ನಮ್ಮ ಬಸ್ ಹುಡುಕಬೇಕು. ಬಸ್ ನಮಗಾಗಿ ಕಾಯುವುದಿಲ್ಲ. ಸ್ವಲ್ಪ ಹೊತ್ತು ನಿಂತು ಹೊರಟುಬಿಡುತ್ತದೆ. ಹಿಂದೆ ಬರುವ ಅವರ ಇನ್ನೊಂದು ಬಸ್ಸಿನಲ್ಲಿ ಬನ್ನಿ ಅನ್ನುತ್ತಾರೆ.

ಜೊಹೊರ್ ಬಾರು ತಲುಪಿದಾಗ ಮೂರು ಗಂಟೆ. ಇಮಿಗ್ರೇಷನ್ ಮುಗಿದಾಗ ನಾಲ್ಕೂವರೆ. ಆ ಒಂದು ಕಿಲೋಮೀಟರಿಗೆ ಒಂದೂವರೆ ಗಂಟೆ ಹಿಡಿಯಿತು. ನಡೆದರೆ ಹದಿನೈದು ನಿಮಿಷದ ದಾರಿ. ಬಸ್ಸಿನಲ್ಲಿ ಕೂತು ಎದುರಿಗೆ ಸಿಂಗಪುರದ ಕಟ್ಟಡಗಳನ್ನು ನೋಡುತ್ತಾ ಗಡಿಯಾರ ನೋಡುತ್ತಾ ಇದ್ದೆ. ಮಗಳಿಗೆ ಬಾತ್‌ರೂಮಿಗೆ ಹೋಗಬೇಕಿತ್ತು. ವುಡ್‌ಲ್ಯಾಂಡ್ಸ್ ಹಾಲಿಗೆ ಕಾಲಿಟ್ಟಾಗ ಆರು ಗಂಟೆ, ಒಳಗೆ ಜನಸಾಗರ. ಅಲ್ಲಿ ಇನ್ನೊಂದು ಗೊತ್ತಾಯಿತು. ಸಿಂಗಪುರದ ಅರೈವಲ್ ಕಾರ್ಡ್ ಅಂತ ಆನ್‌ಲೈನ್‌ನಲ್ಲಿ ತುಂಬುವುದು ಇದೆಯಲ್ಲ, ಅದನ್ನು ಪ್ರತಿ ಸಲ ಒಳಗೆ ಬರುವಾಗಲೂ ಹೊಸದಾಗಿ ತುಂಬಬೇಕು. ಮೊದಲ ಸಲ ತುಂಬಿದ್ದು ಎರಡನೇ ಸಲಕ್ಕೆ ಆಗುವುದಿಲ್ಲ. ಐದು ಜನರ ಪಾಸ್‌ಪೋರ್ಟ್ ತೆಗೆದು, ನಿಂತುಕೊಂಡೇ ಮೊಬೈಲಿನಲ್ಲಿ ತುಂಬಿದೆ. ಕೈ ನಡುಗುತ್ತಿತ್ತು. ಎರಡು ಸಲ ಹುಟ್ಟಿದ ದಿನಾಂಕ ತಪ್ಪಾಯಿತು.

ಅಮ್ಮನ ಮಂಡಿ ಅಷ್ಟು ಹೊತ್ತಿಗೆ ಊದಿಕೊಂಡಿತ್ತು. ಶುಕ್ರವಾರ ಬಾಟು ಗುಹೆಯಲ್ಲಿ ಮುರುಗನ ದರ್ಶನಕ್ಕೆ 272 ಮೆಟ್ಟಿಲು ಹತ್ತಿ ಇಳಿದಿದ್ದರು. ಅದು ಅವರ ಇಷ್ಟ, ಖುಷಿಯಿಂದ ಹತ್ತಿದರು. ಆದರೆ ಶನಿವಾರ ಮಲಾಕಾದಲ್ಲಿ ಸೇಂಟ್ ಪಾಲ್ ಗುಡ್ಡವನ್ನೂ ಹತ್ತಿಸಿದೆ. ಕೋಟೆ ಬಾಗಿಲು ಗುಡ್ಡದ ಬುಡದಲ್ಲೇ ಇದೆ, ಅವರು ಅಲ್ಲೇ ಕೂರಬಹುದಿತ್ತು. ‘ಇಷ್ಟು ದೂರ ಬಂದು ಮೇಲೆ ಹತ್ತದೆ ಇರೋದಾ’ ಎಂದು ನಾನೇ ಒತ್ತಾಯ ಮಾಡಿದ್ದು. ಭಾನುವಾರ ಆ ಸಾಲಿನಲ್ಲಿ ಎರಡು ಗಂಟೆ ಅವರು ಸೂಟ್‌ಕೇಸಿನ ಮೇಲೆ ಕೂರುವುದು, ಏಳುವುದು, ಒಂದು ಹೆಜ್ಜೆ ಮುಂದೆ ಹೋಗುವುದು. ‘ನೋಯ್ತಿದೆಯಾ’ ಅಂದರೆ ‘ಇಲ್ಲಪ್ಪ’ ಅನ್ನುತ್ತಿದ್ದರು.

ಹೊರಗೆ ಬಂದಾಗ 8:10. ಬಸ್ ಹೋಗಿತ್ತು. ಟ್ಯಾಕ್ಸಿ ಸಿಗುವುದಕ್ಕೆ ಇನ್ನೊಂದಿಷ್ಟು ಹೊತ್ತು. ಐದು ಜನ, ಲಗೇಜು, ಒಂದೇ ಟ್ಯಾಕ್ಸಿ ಸಾಲದು, ಎರಡು ಬೇಕು. ವುಡ್‌ಲ್ಯಾಂಡ್ಸ್ ಇರುವುದು ದ್ವೀಪದ ಉತ್ತರ ತುದಿಯಲ್ಲಿ, ಚಾಂಗಿ ವಿಮಾನ ನಿಲ್ದಾಣ ಪೂರ್ವದ ತುದಿಯಲ್ಲಿ. ನಾವು ಕೌಂಟರ್ ಮುಂದೆ ನಿಂತಾಗ 9:20. ಹೊರಡುವ ಒಂದು ಗಂಟೆ ಮೊದಲು ಚೆಕ್ಇನ್ ಮುಚ್ಚುತ್ತಾರೆ. ಹತ್ತು ನಿಮಿಷದಲ್ಲಿ ತಪ್ಪಿತು. ಕೌಂಟರಿನಲ್ಲಿದ್ದ ಹುಡುಗಿ ಅಮ್ಮನಿಗೆ ಕೂರಲು ಕುರ್ಚಿ ತಂದುಕೊಟ್ಟಳು, ಆದರೆ ಆಗಲ್ಲ ಅಂದಳು. ಅವಳದ್ದೇನೂ ತಪ್ಪಿಲ್ಲ.

ಮಾರನೇ ರಾತ್ರಿಗೆ ಐದು ಹೊಸ ಟಿಕೆಟ್, 1,18,000 ರೂಪಾಯಿ. 16,000 ಉಳಿಸಲು ಹೋಗಿದ್ದವನು ನಾನು. ಅದರ ಮೇಲೆ ಎರಡು ರೂಮಿನ ಬಾಡಿಗೆ. ನಮ್ಮ ಇನ್ಶೂರೆನ್ಸಿನವರು ಟ್ರಾಫಿಕ್‌ನಿಂದ ವಿಮಾನ ತಪ್ಪಿದರೆ ಕೊಡುವುದಿಲ್ಲ ಅಂದರು.

ದುಡ್ಡಿಗಿಂತ ಹೆದರಿಸಿದ್ದು ಬೇರೆ. ಅಮ್ಮನ ಬಿಪಿ ಮಾತ್ರೆ. ದಿನ ಎಣಿಸಿ ಕಟ್ಟಿಕೊಂಡಿದ್ದೆವು, ಸೋಮವಾರ ಬೆಳಿಗ್ಗೆಗೆ ಇರಲಿಲ್ಲ. ನಮ್ಮೂರಿನ ಹಾಗೆ ಮೆಡಿಕಲ್ ಶಾಪಿನಲ್ಲಿ ಖಾಲಿ ಸ್ಟ್ರಿಪ್ ತೋರಿಸಿದರೆ ಅಲ್ಲಿ ಕೊಡುವುದಿಲ್ಲ. ಹಾಸನದ ಡಾಕ್ಟರ್ ಬರೆದುಕೊಟ್ಟ ಚೀಟಿಯೂ ನಡೆಯಲಿಲ್ಲ. ಅಲ್ಲಿನ ಕ್ಲಿನಿಕ್‌ಗೆ ಹೋಗಿ, ಡಾಕ್ಟರಿಗೆ ತೋರಿಸಿ, ಮಾತ್ರೆ ತೆಗೆದುಕೊಳ್ಳುವಷ್ಟರಲ್ಲಿ ಹನ್ನೆರಡು ದಾಟಿತ್ತು. ಹತ್ತಿರದಲ್ಲೇ ಸೆರಂಗೂನ್ ರಸ್ತೆ. ಅಮ್ಮನನ್ನು ನಿಧಾನವಾಗಿ ನಡೆಸಿಕೊಂಡು ದೇವಸ್ಥಾನಕ್ಕೆ ಹೋದೆವು. ನಮ್ಮ ಕಡೆಯ ಹಾಗೆ ಅಲ್ಲೂ ಮಧ್ಯಾಹ್ನ ಬಾಗಿಲು ಹಾಕುತ್ತಾರೆ. ಸಂಜೆಯೇ ಮತ್ತೆ ತೆಗೆಯುವುದು. ಸಂಜೆಗೆ ನಾವು ಚಾಂಗಿಯಲ್ಲಿರಬೇಕು, ಮತ್ತೆ ತಡ ಮಾಡುವ ಧೈರ್ಯ ಯಾರಿಗೂ ಇರಲಿಲ್ಲ. ಅಮ್ಮ ಮುಚ್ಚಿದ ಬಾಗಿಲ ಮುಂದೆ ಚಪ್ಪಲಿ ಬಿಟ್ಟು, ಗೋಪುರ ನೋಡಿ ಕೈಮುಗಿದರು. ‘ಇಷ್ಟೇ ಸಾಕು ಬಿಡೋ’ ಅಂದರು. ನನಗೆ ಸಾಕಾಗಲಿಲ್ಲ. ಇವತ್ತಿಗೂ ಆಗಿಲ್ಲ.

ಅದಕ್ಕೇ ಹೇಳುತ್ತೇನೆ. ಮಲಾಕಾನೋ ಗೆಂಟಿಂಗೋ ಅನ್ನುವ ನಿಮ್ಮ ಪ್ರಶ್ನೆಯೇ ಸರಿಯಿಲ್ಲ, ಬೇಜಾರಾಗಬೇಡಿ. ಕೊನೆಯ ಎರಡು ದಿನ ಹೊಸ ಊರು ಯಾವುದೂ ಬೇಡ. ವಿಮಾನ ಹೊರಡುವ ಊರಿನಲ್ಲೇ ಎರಡು ರಾತ್ರಿ ಇರಿ. ‘ಅಷ್ಟು ಖರ್ಚು ಮಾಡಿ ಹೋಗಿ ಸುಮ್ನೆ ಕೂರೋದಾ’ ಎಂದು ನಿಮ್ಮ ಮನೆಯಲ್ಲೂ ಯಾರಾದರೂ ಕೇಳುತ್ತಾರೆ. ಹೌದು, ಕೂರಲಿ. ಏಳು ದಿನ ಓಡಿದ ಕಾಲು ಕೂರಲೇಬೇಕು. ದೇವಸ್ಥಾನಕ್ಕೆ ಬೆಳಿಗ್ಗೆ ಹೋಗಲಿ. ಅದರ ಎದುರಿಗೇ ನಮ್ಮ ಎಂಟಿಆರ್ ಇದೆ. ವಾರಗಟ್ಟಲೆ ಬ್ರೆಡ್ಡು, ಫ್ರೈಡ್ ರೈಸ್ ತಿಂದ ಹಿರಿಯರಿಗೆ ಅಲ್ಲಿನ ಇಡ್ಲಿ ಕಾಫಿ ಎಷ್ಟು ಹಿತ ಅಂತ ಹೋದವರಿಗೇ ಗೊತ್ತು. ಮಗುವಿಗೆ ಚಾಂಗಿ ವಿಮಾನ ನಿಲ್ದಾಣದ ಮಾಲ್ ಜ್ಯುವೆಲ್‌ನಲ್ಲಿ 40 ಮೀಟರ್ ಎತ್ತರದಿಂದ ಬೀಳುವ ನೀರು ತೋರಿಸಿ. ಮಧ್ಯಾಹ್ನವೇ ಹೋದರೂ ನಷ್ಟವಿಲ್ಲ. ಅಂಗಡಿಯಲ್ಲಿ ಕೊಂಡದ್ದಕ್ಕೆ ಜಿಎಸ್‌ಟಿ ವಾಪಸ್ ತೆಗೆದುಕೊಳ್ಳುವುದಿದ್ದರೆ ಅದಕ್ಕೂ ಸಮಯ ಸಿಗುತ್ತದೆ.

ಗೆಂಟಿಂಗ್ ಬಗ್ಗೆ ನನ್ನ ಅಭಿಪ್ರಾಯ ಗಟ್ಟಿ. ಬಿಟ್ಟುಬಿಡಿ. ಸುಮಾರು 1,800 ಮೀಟರ್ ಎತ್ತರದ ಬೆಟ್ಟ, ಮಂಜು, ಕ್ಯಾಸಿನೊ, ಆಟದ ಪಾರ್ಕು. ಮಂಜು ನೋಡಲು ಅಷ್ಟು ದೂರ ಯಾಕೆ, ನಮ್ಮ ಮುಳ್ಳಯ್ಯನಗಿರಿ ಅದಕ್ಕಿಂತ ಎತ್ತರ ಇದೆ. ಮಲಾಕಾ ಮಾತ್ರ ಬಿಡಬೇಡಿ. ಆ ಮುರಿದ ಕೋಟೆ ಬಾಗಿಲಿನ ಕಲ್ಲು ಮುಟ್ಟಿ ಅಪ್ಪ ನಿಂತದ್ದು, ಮೊಮ್ಮಗಳಿಗೆ ಅಲ್ಬುಕರ್ಕ್ ಕಥೆ ಹೇಳಿದ್ದು ನನ್ನ ಕಣ್ಣಿನಲ್ಲಿದೆ. ಆದರೆ ಅದನ್ನು ಪ್ರವಾಸದ ಮಧ್ಯಕ್ಕೆ ತನ್ನಿ.

ಟಿಕೆಟ್ ಇನ್ನೂ ಮಾಡಿಸಿಲ್ಲ ಅಂತ ಬರೆದಿದ್ದೀರಿ. ಹಾಗಿದ್ದರೆ ಕ್ವಾಲಾಲಂಪುರಕ್ಕೆ ಇಳಿಯುವಂತೆ, ಸಿಂಗಪುರದಿಂದ ಹೊರಡುವಂತೆ ಮಾಡಿಸಿ. ನಾಲ್ಕು ಕಾಸು ಜಾಸ್ತಿಯಾದರೂ ಸರಿ. ಕ್ವಾಲಾಲಂಪುರ, ಅಲ್ಲಿಂದ ಮಲಾಕಾ, ಆಮೇಲೆ ಮಂಗಳವಾರವೋ ಬುಧವಾರವೋ ಬೆಳಿಗ್ಗೆ ಹತ್ತು ಗಂಟೆ ಕಳೆದ ಮೇಲೆ ಗಡಿ, ಉಳಿದ ದಿನವೆಲ್ಲ ಸಿಂಗಪುರ. ಆಗ ಗಡಿಯನ್ನು ಒಂದೇ ಸಲ ದಾಟುತ್ತೀರಿ, ತಡವಾದರೆ ಹೋಗುವುದು ಒಂದು ಮಧ್ಯಾಹ್ನ ಮಾತ್ರ. ಜೊಹೊರ್ ಬಾರುವಿನಿಂದ ವುಡ್‌ಲ್ಯಾಂಡ್ಸ್‌ಗೆ ಐದು ನಿಮಿಷದ ರೈಲೂ ಇದೆ, ಆದರೆ ಲಗೇಜು, ಹಿರಿಯರು ಇರುವಾಗ ಬಸ್ ಬದಲಿಸುವುದು ರೈಲು ಹಿಡಿಯುವುದು ಎಲ್ಲ ಕಷ್ಟ. ಮಂಡಿ ನೋವು ಜಾಸ್ತಿ ಇದ್ದರೆ ಕ್ವಾಲಾಲಂಪುರದಿಂದ ಸಿಂಗಪುರಕ್ಕೆ ಒಂದು ಗಂಟೆಯ ವಿಮಾನವೇ ವಾಸಿ.

ಟಿಕೆಟ್ ಈಗಾಗಲೇ ಸಿಂಗಪುರದಿಂದ ಸಿಂಗಪುರಕ್ಕೇ ಆಗಿಬಿಟ್ಟರೆ, ಶುಕ್ರವಾರವೇ, ಬೆಳಿಗ್ಗೆ ಹತ್ತು ಗಂಟೆ ಕಳೆದ ಮೇಲೆ ಗಡಿ ದಾಟಿ, ಸಿಂಗಪುರಕ್ಕೆ ವಾಪಸ್ ಬಂದುಬಿಡಿ. ವೀಸಾದಲ್ಲಿ ಎರಡನೇ ಸಲ ಪ್ರವೇಶಕ್ಕೆ ಅವಕಾಶ ಇದೆಯಾ ಎಂದು ಈಗಲೇ ನೋಡಿ. ಅರೈವಲ್ ಕಾರ್ಡನ್ನು ಬರುವ ಮೂರು ದಿನದ ಒಳಗೆ ತುಂಬಬಹುದು, ದುಡ್ಡು ಕೊಡಬೇಕಾಗಿಲ್ಲ. ಹಿಂದಿನ ರಾತ್ರಿ ರೂಮಿನಲ್ಲಿ ಕೂತು ತುಂಬಿ. ಮಾತ್ರೆ ಒಂದು ವಾರಕ್ಕೆ ಹೆಚ್ಚಿಗೆ ಕಟ್ಟಿಕೊಳ್ಳಿ, ಚೀಟಿ ಸಮೇತ, ಕೈಚೀಲದಲ್ಲೇ. ನಿಮ್ಮ ತಂದೆಗೆ ಎಲೆ ಅಡಿಕೆ ಜೊತೆ ಹೊಗೆಸೊಪ್ಪು ಹಾಕುವ ಅಭ್ಯಾಸ ಇದ್ದರೆ ಅದನ್ನು ಮನೆಯಲ್ಲೇ ಬಿಡಿಸಿ. ಜಗಿಯುವ ತಂಬಾಕು ಸಿಂಗಪುರದೊಳಗೆ ತರುವ ಹಾಗಿಲ್ಲ.

ಇವತ್ತು ರಾತ್ರಿ ಊಟಕ್ಕೆ ಕೂತಾಗ ನಿಮ್ಮ ತಾಯಿಯನ್ನು ಕೇಳಿ, ಅಲ್ಲಿ ಏನು ನೋಡಬೇಕು ಅಂತ. ಏನು ಹೇಳುತ್ತಾರೋ ಅದನ್ನು ಮೊದಲ ದಿನಕ್ಕೆ ಹಾಕಿ. ಯಾವ ತಿಂಗಳು ಹೊರಡುತ್ತೀರಿ ಎಂದು ತಿಳಿಸಿ, ಆಗ ಅಲ್ಲಿ ಶಾಲೆಗೆ ರಜೆ ಇದೆಯಾ, ಗಡಿ ದಾಟಲು ಯಾವ ದಿನ ಒಳ್ಳೆಯದು ಎಂದು ನೋಡಿ ಹೇಳುತ್ತೇನೆ.